ದೋಣಿಯ ಹಿಂಗೋಡೆಯ ಮರ ಲಡ್ಡು ಹಿಡಿದಿದೆ, ರೆಸಿನ್ ಸುರಿದರೆ ಸಾಕೇ?

ಪ್ರಶ್ನೆ: ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದಲ್ಲಿ ಮೀನು ಹಿಡಿಯುವ ನಾವು ಐದು ಜನ ಸೇರಿ ಕರಾವಳಿಯಿಂದ ಹಳೆಯ ಫೈಬರ್ ದೋಣಿಯೊಂದನ್ನು ತಂದು ಆರು ವರ್ಷವಾಯಿತು. ಈಚೆಗೆ ಇಂಜಿನ್ ಓಡುವಾಗ ದೋಣಿಯ ಹಿಂಭಾಗದ ಗೋಡೆ ಅಲ್ಲಾಡುತ್ತಿದೆ. ಬೋಲ್ಟುಗಳನ್ನು ಎಷ್ಟು ಬಿಗಿ ಮಾಡಿದರೂ ವಾರದೊಳಗೆ ಸಡಿಲವಾಗುತ್ತವೆ. ಸಣ್ಣ ತೂತುಗಳನ್ನು ಕೊರೆದು ಒಳಗೆ ಫೈಬರ್ ಕೆಲಸದ ಅಂಟಾದ ರೆಸಿನ್ ಸುರಿದರೆ ಗಟ್ಟಿಯಾಗುತ್ತದೆ ಎಂದು ಪರಿಚಯದವರು ಹೇಳುತ್ತಾರೆ. ಇದು ಸರಿಯೇ?

ಉತ್ತರ: ಸರಿಯಲ್ಲ. ನೀವು ಬರೆದಿರುವ ಲಕ್ಷಣಗಳನ್ನು ನೋಡಿದರೆ ಒಳಗಿನ ಮರ ಲಡ್ಡು ಹಿಡಿದಿದೆ, ಅದನ್ನು ಪೂರ್ತಿಯಾಗಿ ತೆಗೆದು ಹೊಸದನ್ನು ಕೂರಿಸುವುದೊಂದೇ ದಾರಿ. ಆ ಕೆಲಸ ಮುಗಿಯುವವರೆಗೆ ದಯವಿಟ್ಟು ಇಂಜಿನ್ ಇಳಿಸಿಟ್ಟು ಹುಟ್ಟು ಹಾಕಿಕೊಂಡೇ ದೋಣಿಯನ್ನು ಬಳಸಿ. ನೀರು ಪೂರ್ಣಮಟ್ಟ ಮೀರಿದೊಡನೆ ತಾನಾಗಿಯೇ ಹರಿಯತೊಡಗುವ ಸೈಫನ್ ಕೋಡಿಗಳಿರುವ ಜಲಾಶಯದಲ್ಲಿ, ತುಂಬಿದ ದಿನಗಳಲ್ಲಿ ಇಂಜಿನ್ ಕಳಚಿಕೊಂಡ ದೋಣಿಯೊಳಗೆ ಕುಳಿತಿರುವುದು ಎಂಥ ಸ್ಥಿತಿ ಎಂಬುದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಂಜಿನ್ ತೂಗುಹಾಕುವ ಆ ಹಿಂಗೋಡೆಗೆ ಟ್ರಾನ್ಸಮ್ ಎಂದು ಹೆಸರು. ಹೊರಗಿನಿಂದ ನೋಡಿದರೆ ಇಡಿಯಾಗಿ ಫೈಬರ್ ಎಂದೇ ಕಾಣುತ್ತದೆ, ಆದರೆ ಅದು ಹೋಳಿಗೆಯ ಹಾಗೆ: ಹೊರಗೊಂದು ಒಳಗೊಂದು ಫೈಬರ್ ಪದರ, ನಡುವೆ ಹೂರಣವಾಗಿ ಸುಮಾರು ಒಂದೂವರೆ ಇಂಚು ದಪ್ಪದ ಪ್ಲೈವುಡ್. ಗೋಡೆಯ ಬಿಗುವೆಲ್ಲ ಈ ಮೂರೂ ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಬಂದದ್ದು. ಇಂಜಿನ್ನಿನ ಪಂಕ ನೀರಿನೊಳಗೆ ದೋಣಿಯನ್ನು ಮುಂದಕ್ಕೆ ತಳ್ಳುವಾಗ, ಇಂಜಿನ್ನಿನ ಹಿಡಿಕೆಯ ಕೆಳತುದಿ ಗೋಡೆಯನ್ನು ಒಳಕ್ಕೆ ಒತ್ತುತ್ತದೆ, ಮೇಲ್ತುದಿ ಹೊರಕ್ಕೆ ಎಳೆಯುತ್ತದೆ. ಮರ ಮೆತ್ತಗಾಗಿದ್ದರೆ ಬೋಲ್ಟು ಬಿಗಿ ಮಾಡಿದಷ್ಟೂ ವಾಷರ್ ಒಳಗೆ ಇಳಿಯುತ್ತದೆ. ನಿಮ್ಮ ಬೋಲ್ಟುಗಳು ವಾರಕ್ಕೊಮ್ಮೆ ಸಡಿಲವಾಗುತ್ತಿರುವುದು ಈ ಕಾರಣಕ್ಕೇ ಹೊರತು ನಟ್ಟಿನ ದೋಷದಿಂದಲ್ಲ.

ಕಡಲಿನಲ್ಲಿ ಅಷ್ಟು ವರ್ಷ ದುಡಿದ ದೋಣಿ ನಮ್ಮ ಸಿಹಿನೀರಿಗೆ ಬಂದ ಮೇಲೆ ಕೊಳೆತದ್ದೇಕೆ ಎಂಬ ಅನುಮಾನ ಬರುವುದು ಸಹಜ. ಮರವನ್ನು ಕೊಳೆಸುವುದು ಬರಿಯ ನೀರಲ್ಲ, ಶಿಲೀಂಧ್ರ. ಅದಕ್ಕೆ ತೇವವೂ ಬೇಕು, ಗಾಳಿಯೂ ಬೇಕು. ಉಪ್ಪುನೀರು ಶಿಲೀಂಧ್ರದ ಬೆಳವಣಿಗೆಯನ್ನು ತಡೆಯುತ್ತದೆ, ಮಳೆನೀರಿಗೆ ಆ ಗುಣವಿಲ್ಲ. ನಮ್ಮ ಜಿಲ್ಲೆಯ ಕೆರೆಗಳಲ್ಲಿ ನೀರು ಬತ್ತಿದ ವರ್ಷ ದೋಣಿಗಳು ಏರಿಯ ಮೇಲೆ ತಿಂಗಳುಗಟ್ಟಲೆ ಬಿದ್ದಿರುತ್ತವೆ. ಬಿಸಿಲಿಗೆ ಮೇಲಿನ ಬಣ್ಣದ ಪದರ ಕೂದಲೆಳೆಯಷ್ಟು ಬಿರಿಯುತ್ತದೆ, ಆಮೇಲೆ ಸುರಿದ ಒಂದೊಂದು ಮಳೆಯೂ ಹಿಂಭಾಗದಲ್ಲಿ ನಿಂತು, ಬೋಲ್ಟಿನ ತೂತುಗಳಿಂದಲೂ ನೀರು ಬಿಡುವ ಬಿರಡೆಯ ತೂತಿನಿಂದಲೂ ಒಳಗಿನ ಮರಕ್ಕೆ ಇಳಿಯುತ್ತದೆ. ಹೋದ ನೀರಿಗೆ ಹೊರಬರುವ ದಾರಿಯಿಲ್ಲ. ಹರಿಗೋಲಿಗೆ ಈ ರೋಗ ಬಾರದಿರುವುದು ಅದಕ್ಕೆ ಹೀಗೆ ಎರಡು ಪದರದ ನಡುವೆ ಮುಚ್ಚಿಟ್ಟ ಮರವಿಲ್ಲದ ಕಾರಣ.

ತೂತು ಕೊರೆದು ರೆಸಿನ್ ಸುರಿಯುವುದು ಏಕೆ ಕೆಲಸಕ್ಕೆ ಬಾರದು ಎಂಬುದೂ ಇದರಿಂದಲೇ ತಿಳಿಯುತ್ತದೆ. ನೀರು ಹೀರಿ ತುಂಬಿಕೊಂಡ ಮರದೊಳಗೆ ರೆಸಿನ್ನಿಗೆ ಜಾಗವೆಲ್ಲಿ? ತೂತಿನ ಸುತ್ತ ಬೆರಳಗಲ ಗಟ್ಟಿಯಾಗಿ ನಿಲ್ಲುತ್ತದೆ, ಉಳಿದ ಕೊಳೆ ಹಾಗೆಯೇ ಇರುತ್ತದೆ, ಮೇಲಾಗಿ ಅದು ಒಣಗುವ ದಾರಿಯೂ ಮುಚ್ಚಿಹೋಗುತ್ತದೆ. ತುಮಕೂರಿನ ಒಂದು ಶೆಡ್ಡಿನ ಹಿಂದೆ, ಹುಣಸೆಮರದ ನೆರಳಿನಲ್ಲಿ ನಿಲ್ಲಿಸಿದ್ದ ಇಂಥದೇ ರಿಪೇರಿ ಕಂಡಿದ್ದ ದೋಣಿಗೆ ನಾನು ಒಳಬದಿಯಿಂದ ಆರು ಮಿಲಿಮೀಟರಿನ ಡ್ರಿಲ್ ಇಳಿಸಿದಾಗ, ಮೊದಲು ಕಾಫಿಗಷ್ಟದಂಥ ಕಪ್ಪು ಪುಡಿ ಬಂತು, ಬಿಟ್ ಹೊರಗೆಳೆದ ಮೇಲೆ ಕಂದು ನೀರು ದಾರವಾಗಿ ಇಳಿಯತೊಡಗಿ ಬಹಳ ಹೊತ್ತು ನಿಲ್ಲಲಿಲ್ಲ. ಒಳಪದರವನ್ನು ಕೊಯ್ದಾಗ ಪ್ಲೈವುಡ್ಡಿನ ಪದರಗಳು ನೆನೆದ ಪುಸ್ತಕದ ಹಾಳೆಗಳಂತೆ ಬೆರಳಿಗೇ ಬಿಡಿಸಿಕೊಂಡು ಬಂದವು. ಅವುಗಳ ನಡುವೆ ಅಲ್ಲೊಂದು ಇಲ್ಲೊಂದು, ಹಿಂದೆ ಸುರಿದಿದ್ದ ರೆಸಿನ್ ಗೋಲಿಯಂತೆ ಗಟ್ಟಿಯಾಗಿ ಕುಳಿತಿತ್ತು.

ಬಿಚ್ಚುವ ಮೊದಲು ಕೊಳೆತ ಎಷ್ಟು ದೂರ ಹಬ್ಬಿದೆ ಎಂದು ನೋಡಬೇಕು. ಸಣ್ಣ ಸುತ್ತಿಗೆಯ ಹಿಡಿಯಿಂದ ಅಂಗೈಯಗಲಕ್ಕೊಮ್ಮೆ ತಟ್ಟುತ್ತ ಹೋಗಿ. ಗಟ್ಟಿ ಮರವಿದ್ದಲ್ಲಿ ಟಕ್ ಎಂದು, ಕೊಳೆತಲ್ಲಿ ದಬ್ ಎಂದು ಕೇಳಿಸುತ್ತದೆ. ಸದ್ದು ಬದಲಾಗುವ ಜಾಗವನ್ನು ಸೀಮೆಸುಣ್ಣದಿಂದ ಗುರುತು ಮಾಡಿ, ಒಳಬದಿಯಿಂದಲೇ ಮೂರು ನಾಲ್ಕು ಕಡೆ ಸಣ್ಣ ತೂತು ಕೊರೆದು ಪುಡಿಯನ್ನು ಪರೀಕ್ಷಿಸಿ. ಒಣಗಿದ ತಿಳಿಬಣ್ಣದ ಪುಡಿ ಬಂದರೆ ಮರ ಚೆನ್ನಾಗಿದೆ. ದೋಣಿಯ ತಳದಲ್ಲಿ ಉದ್ದಕ್ಕೂ ಓಡುವ ಮರದ ಪಟ್ಟಿಗಳನ್ನೂ ಹೀಗೆಯೇ ತಟ್ಟಿ ನೋಡುವುದು ಅಗತ್ಯ. ಅವೂ ಲಡ್ಡಾಗಿದ್ದರೆ ಹಿಂಗೋಡೆಯೊಂದನ್ನೇ ಸರಿಮಾಡುವುದರಲ್ಲಿ ಅರ್ಥವಿಲ್ಲ, ಆ ಹಣವನ್ನು ಬೇರೆ ದೋಣಿಗೆ ಕೂಡಿಡುವುದು ಮೇಲು ಎಂದೇ ನನ್ನ ಅಭಿಪ್ರಾಯ.

ಕೊಯ್ಯುವುದನ್ನು ಒಳಬದಿಯಿಂದ ಮಾಡಿ. ಹೊರಪದರವೇ ದೋಣಿಯ ಆಕಾರವನ್ನು ಹಿಡಿದಿರುವುದರಿಂದ ಅದಕ್ಕೆ ಕೈಹಚ್ಚಬಾರದು. ದೋಣಿಯನ್ನು ಸಮತಟ್ಟಾದ ನೆಲದಲ್ಲಿ ಹಲಗೆಗಳ ಮೇಲೆ ಕೂರಿಸಿ, ಹೊರಬದಿಗೆ ನೇರವಾದ ದಪ್ಪ ಹಲಗೆಯೊಂದನ್ನು ಆನಿಸಿ ಕಟ್ಟಿ. ಒಳಪದರವನ್ನು ಸುತ್ತಲೂ ಎರಡು ಮೂರು ಇಂಚು ಅಂಚು ಬಿಟ್ಟು ಗ್ರೈಂಡರಿನಿಂದ ಕತ್ತರಿಸಿ ತೆಗೆದು, ಮರವನ್ನು ಉಳಿಯಿಂದ ಕೆತ್ತುತ್ತ ಬನ್ನಿ. ಕೊಳೆತದ್ದು ಸುಲಭವಾಗಿ ಬರುತ್ತದೆ. ಮೂಲೆಗಳಲ್ಲಿ ಗಟ್ಟಿಯಾಗಿ ಅಂಟಿಕೊಂಡಿರುವ ಒಳ್ಳೆಯ ಮರವೇ ಕಷ್ಟ ಕೊಡುವುದು, ಅದನ್ನೂ ಉಳಿಸಬೇಡಿ. ಫೈಬರ್ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಬಾಯಿಗೆ ಟವಲ್ ಸುತ್ತಿಕೊಂಡರೆ ಸಾಲದು, ದೂಳು ತಡೆಯುವ ಮಾಸ್ಕ್, ಕನ್ನಡಕ, ಉದ್ದ ತೋಳಿನ ಅಂಗಿ ಬೇಕೇಬೇಕು.

ಇನ್ನು ಒಣಗಿಸುವುದು. ಇಡೀ ಕೆಲಸದಲ್ಲಿ ಜನ ಅವಸರ ಮಾಡುವುದು ಇಲ್ಲಿಯೇ, ಕೆಡುವುದೂ ಇಲ್ಲಿಯೇ. ಒಳಮೈಯನ್ನು ಒರಟು ಡಿಸ್ಕಿನಿಂದ ಹೊಸ ಫೈಬರ್ ಕಾಣುವವರೆಗೆ ಉಜ್ಜಿ, ನೆರಳಿನಲ್ಲಿ ಗಾಳಿಯಾಡುವಂತೆ ಬಿಡಿ. ಒಣಗಿದೆಯೇ ಎಂದು ತಿಳಿಯಲು ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ತುಂಡನ್ನು ನಾಲ್ಕೂ ಕಡೆ ಟೇಪಿನಿಂದ ಅಂಟಿಸಿ ಒಂದು ರಾತ್ರಿ ಬಿಡಿ. ಬೆಳಗ್ಗೆ ಹಾಳೆಯ ಒಳಗೆ ಬೆವರು ಕಾಣಿಸಿದರೆ ಇನ್ನೂ ಕಾಯಬೇಕು. ನಮ್ಮ ಭಾಗದಲ್ಲಿ ಜನವರಿ, ಫೆಬ್ರವರಿ ಇದಕ್ಕೆ ಹೇಳಿ ಮಾಡಿಸಿದ ಕಾಲ. ಏಪ್ರಿಲ್ ಬಿಸಿಲಿನಲ್ಲಿ ಒಳಮೈ ಬೇಗ ಒಣಗುವುದು ನಿಜ, ಆದರೆ ರೆಸಿನ್ ಹಚ್ಚಿ ಮುಗಿಸುವ ಮೊದಲೇ ಡಬ್ಬಿಯಲ್ಲಿ ಗಟ್ಟಿಯಾಗಿ ಹೊಗೆಯಾಡತೊಡಗುತ್ತದೆ.

ಹೊಸ ಮರಕ್ಕೆ ಐಎಸ್ 710 ಗುರುತಿರುವ ಮರೀನ್ ಪ್ಲೈವುಡ್ ಕೇಳಿ ತನ್ನಿ. ಐಎಸ್ 303 ಗುರುತಿನದು ಮನೆಯ ಕಪಾಟಿಗೆ ಸರಿ, ಇದಕ್ಕಲ್ಲ. ಹಲಸು, ಹೆಬ್ಬಲಸಿನಂಥ ಇಡೀ ಹಲಗೆ ಇನ್ನೂ ಗಟ್ಟಿಯಲ್ಲವೇ ಎಂದು ಬಡಗಿಗಳು ಕೇಳುವುದುಂಟು. ಅವರ ಮಾತು ಮರದ ದೋಣಿಗೆ ಒಪ್ಪುತ್ತದೆ. ಫೈಬರ್ ಪದರಗಳ ನಡುವೆ ಮಾತ್ರ ಇಡೀ ಹಲಗೆ ತೇವಕ್ಕೆ ಅಡ್ಡಕ್ಕೆ ಹಿಗ್ಗಿ ಕುಗ್ಗಿ ಅಂಟನ್ನು ಬಿಡಿಸಿಕೊಳ್ಳುತ್ತದೆ. ಹತ್ತೊಂಬತ್ತು ಮಿಲಿಮೀಟರಿನ ಒಂದು ಶೀಟಿನಲ್ಲಿ ಸಾಮಾನ್ಯ ದೋಣಿಗೆ ಬೇಕಾದ ಎರಡು ತುಂಡುಗಳು ಸಿಗುತ್ತವೆ. ಮೊದಲು ರಟ್ಟಿನಲ್ಲಿ ಅಳತೆ ಕತ್ತರಿಸಿ, ಕೂರಿಸಿ ನೋಡಿ, ಆಮೇಲೆ ಪ್ಲೈವುಡ್ ಕತ್ತರಿಸಿ. ಅಂಚು ಗೋಡೆಗೆ ತಾಗದೆ ಸುತ್ತ ಬೆರಳಿನ ಅರ್ಧದಷ್ಟು ಸಂದು ಇರಲಿ.

ಅಂಟಿನ ವಿಚಾರದಲ್ಲಿ ಒಂದು ನಿರ್ಧಾರವನ್ನು ಮೊದಲೇ ಮಾಡಬೇಕು. ತುಮಕೂರಿನ ಫೈಬರ್ ಕೆಲಸದವರು ಬಳಸುವುದು ಹೆಚ್ಚಾಗಿ ಪಾಲಿಯೆಸ್ಟರ್ ರೆಸಿನ್, ಅದು ಅಗ್ಗ. ಎಪಾಕ್ಸಿ ದುಬಾರಿ, ಆದರೆ ಮರಕ್ಕೂ ಹಳೆಯ ಫೈಬರ್‌ಗೂ ಅದು ಹಿಡಿಯುವಷ್ಟು ಬಿಗಿಯಾಗಿ ಪಾಲಿಯೆಸ್ಟರ್ ಹಿಡಿಯುವುದಿಲ್ಲ. ಇಂಜಿನ್ ಹೊರುವ ಗೋಡೆಯಾದ್ದರಿಂದ ಎಪಾಕ್ಸಿಯನ್ನೇ ಬಳಸಿ ಎನ್ನುತ್ತೇನೆ. ಎರಡನ್ನೂ ಬೆರೆಸಿ ಮಾಡುವ ಆಸೆ ಬೇಡ: ಹಳೆಯ ಪಾಲಿಯೆಸ್ಟರ್ ಮೇಲೆ ಎಪಾಕ್ಸಿ ಚೆನ್ನಾಗಿ ಕೂರುತ್ತದೆ, ಗಟ್ಟಿಯಾದ ಎಪಾಕ್ಸಿಯ ಮೇಲೆ ಪಾಲಿಯೆಸ್ಟರ್ ಸರಿಯಾಗಿ ಕೂರದು. ಎಪಾಕ್ಸಿಗೆ ನೇಯ್ದ ಗಾಜಿನ ಬಟ್ಟೆಯನ್ನು ತನ್ನಿ. ಚೂರುನೂಲಿನ ಮ್ಯಾಟನ್ನು ಹಿಡಿದಿಡುವ ಅಂಟು ಪಾಲಿಯೆಸ್ಟರಿನಲ್ಲಿ ಕರಗುವಂತೆ ಎಪಾಕ್ಸಿಯಲ್ಲಿ ಕರಗುವುದಿಲ್ಲ. ಹಣದ ಅಡಚಣೆಯಿಂದ ಪಾಲಿಯೆಸ್ಟರಿನಲ್ಲೇ ಮಾಡುವುದಾದರೆ ಒಂದು ಎಚ್ಚರಿಕೆಯನ್ನು ಮನೆಯವರಿಗೂ ಹೇಳಿಡಿ. ರೆಸಿನ್ ಗಟ್ಟಿಯಾಗಲೆಂದು ಅಂಗಡಿಯಲ್ಲಿ ಕೊಡುವ ನೇರಳೆ ಬಣ್ಣದ ಕೋಬಾಲ್ಟ್ ಮತ್ತು ನೀರಿನಂತಿರುವ ಹಾರ್ಡ್‌ನರ್ ಎರಡನ್ನೂ ಎಂದಿಗೂ ನೇರವಾಗಿ ಬೆರೆಸಬಾರದು, ಸ್ಫೋಟವಾಗುತ್ತದೆ. ಕೋಬಾಲ್ಟನ್ನು ಮೊದಲು ರೆಸಿನ್ನಿನಲ್ಲಿ ಪೂರ್ತಿ ಕಲಸಿ, ಆಮೇಲೆ ಕಿಲೋಗೆ 10ರಿಂದ 20 ಮಿಲಿಲೀಟರ್ ಹಾರ್ಡ್‌ನರ್ ಹಾಕಬೇಕು. ಅದರ ಒಂದು ಹನಿ ಕಣ್ಣಿಗೆ ಬಿದ್ದರೂ ದೃಷ್ಟಿ ಹೋಗಬಹುದು.

ಎರಡು ತುಂಡುಗಳನ್ನು ಒಂದಕ್ಕೊಂದು ಅಂಟಿಸಿ, ಎಲ್ಲ ಬದಿಗಳಿಗೂ, ಮುಖ್ಯವಾಗಿ ಅಂಚುಗಳಿಗೆ, ಹೀರುವಷ್ಟು ಹೀರಲಿ ಎಂದು ತೆಳುವಾದ ಎಪಾಕ್ಸಿಯನ್ನು ಹಚ್ಚಿ. ಆಮೇಲೆ ಸಿಲಿಕಾ ಪುಡಿ ಬೆರೆಸಿ ಬೆಣ್ಣೆಯ ಹದಕ್ಕೆ ತಂದ ಎಪಾಕ್ಸಿಯನ್ನು ಹೊರಪದರದ ಒಳಮೈಗೆ ಹಲ್ಲುಕರಣೆಯಿಂದ ಸಮನಾಗಿ ಬಳಿದು, ಮರವನ್ನು ಒತ್ತಿ ಕೂರಿಸಿ. ಹಳೆಯ ಬೋಲ್ಟಿನ ತೂತುಗಳಲ್ಲೇ ಮೇಣ ಸವರಿದ ಬೋಲ್ಟುಗಳನ್ನು ಹಾಕಿ, ಹೊರಗಿನ ಹಲಗೆಯೂ ಒಳಗಿನ ಪಟ್ಟಿಗಳೂ ಸೇರಿ ಬಿಗಿಯುವಂತೆ ಮಾಡಿದರೆ ಸುತ್ತಲೂ ಅಂಟು ಉಕ್ಕಿ ಬರುತ್ತದೆ. ಎಲ್ಲಿ ಉಕ್ಕಲಿಲ್ಲವೋ ಅಲ್ಲಿ ಒಳಗೆ ಪೊಳ್ಳಿದೆ ಎಂದು ತಿಳಿದು, ಬಿಚ್ಚಿ ಮತ್ತೆ ಬಳಿಯಿರಿ. ಬೋಲ್ಟನ್ನು ಮಿತಿಮೀರಿ ಬಿಗಿದು ಅಂಟನ್ನೆಲ್ಲ ಹಿಂಡಿ ತೆಗೆಯಬೇಡಿ.

ಮರುದಿನ ಗೋಡೆ, ತಳ ಮತ್ತು ಪಕ್ಕಗಳು ಸೇರುವ ಮೂಲೆಗಳನ್ನು ಅದೇ ಬೆಣ್ಣೆಹದದ ಎಪಾಕ್ಸಿಯಿಂದ ದುಂಡಾಗಿ ತುಂಬಿ, ಗಾಜಿನ ಬಟ್ಟೆಯನ್ನು ಪದರಪದರವಾಗಿ ಹಾಸಿ. ಬಟ್ಟೆ ಮರದ ಮೇಲಷ್ಟೇ ನಿಲ್ಲದೆ ತಳಕ್ಕೂ ಪಕ್ಕಗಳಿಗೂ ಗೇಣುದ್ದ ಹಬ್ಬಬೇಕು, ಒಂದೊಂದು ಪದರವೂ ಹಿಂದಿನದಕ್ಕಿಂತ ಸ್ವಲ್ಪ ಮುಂದೆ ಹೋಗಬೇಕು. ಇಂಜಿನ್ನಿನ ಎಳೆತ ಇಡೀ ದೋಣಿಗೆ ಹಂಚಿಹೋಗುವುದು ಈ ಹಬ್ಬುಗೆಯಿಂದಲೇ. ಗಟ್ಟಿಯಾದ ಎಪಾಕ್ಸಿಯ ಮೇಲೆ ಮೇಣದಂಥ ಜಿಡ್ಡು ಕಂಡರೆ ನೀರಿನಿಂದ ಉಜ್ಜಿ ತೊಳೆದು, ಒಣಗಿಸಿ ಮುಂದಿನ ಪದರ ಹಾಕಿ.

ಇನ್ನು ಬೋಲ್ಟಿನ ತೂತುಗಳು, ಅಂದರೆ ಮೊದಲ ಸಲ ನೀರು ನುಗ್ಗಿದ ಬಾಗಿಲುಗಳು. ಬೇಕಾದ ಅಳತೆಗಿಂತ ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆಯೇ ಬೋಲ್ಟಿನ ಅಳತೆಗೆ ಮತ್ತೆ ಕೊರೆಯಿರಿ. ಆಗ ಬೋಲ್ಟಿನ ಪಕ್ಕದಲ್ಲಿ ನೀರು ಇಳಿದರೂ ಅದಕ್ಕೆ ಮರ ಸಿಗುವುದಿಲ್ಲ. ಬಿರಡೆಯ ತೂತಿಗೂ ಇದೇ ಕ್ರಮ. ಸ್ಟೇನ್‌ಲೆಸ್ ಬೋಲ್ಟು, ಅಗಲವಾದ ವಾಷರ್, ಪಾಲಿಯುರೆಥೇನ್ ಸೀಲೆಂಟ್ ಬಳಸಿ. ಬಚ್ಚಲಿಗೆ ಹಚ್ಚುವ ಸಿಲಿಕೋನ್ ಇಲ್ಲಿ ನಿಲ್ಲುವುದಿಲ್ಲ. ಕೊರೆಯುವ ಮೊದಲು ಗೋಡೆಯ ಎತ್ತರ ಇಂಜಿನ್ನಿಗೆ ಹೊಂದುತ್ತದೆಯೇ ಎಂದು ಅಳೆಯಿರಿ: ಗಿಡ್ಡ ಕಾಲಿನ ಇಂಜಿನ್ನಿಗೆ ಸುಮಾರು 15 ಇಂಚು, ಉದ್ದ ಕಾಲಿನದಕ್ಕೆ 20 ಇಂಚು.

ಒಂದು ವಾರ ಬಿಟ್ಟು ಇಂಜಿನ್ ಏರಿಸಿ, ಒಬ್ಬರು ಅದರ ಕೆಳತುದಿಯನ್ನು ಹಿಡಿದು ಎತ್ತಿ ಅಲ್ಲಾಡಿಸುವಾಗ ಇನ್ನೊಬ್ಬರು ಗೋಡೆಗೆ ನೇರಪಟ್ಟಿ ಹಿಡಿದು ನೋಡಲಿ. ಪಟ್ಟಿಯ ಕೆಳಗೆ ಬೆಳಕಿನ ಗೆರೆ ಮೂಡಬಾರದು. ಮೊದಲ ಎರಡು ಮೂರು ಗಂಟೆ ಓಡಿಸಿದ ನಂತರ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿ. ದೋಣಿಯನ್ನು ಏರಿಯ ಮೇಲೆ ಇಡುವಾಗ ಮೂತಿಯ ಕೆಳಗೆ ಒಂದು ಕಲ್ಲು ಕೊಟ್ಟು ಎತ್ತರಿಸಿ, ಬಿರಡೆಯನ್ನು ಕಿತ್ತು ಇಂಜಿನ್ನಿನ ದಾರಕ್ಕೆ ಕಟ್ಟಿಡಿ. ಮುಂದಿನ ಸಲ ನೀರಿಗೆ ಇಳಿಸುವವರು ಬೇರೆಯವರಾದರೂ ದಾರಕ್ಕೆ ಕೈಹಾಕಿದಾಗ ಅದು ಅವರ ಕೈಗೆ ಸಿಗುತ್ತದೆ.