ಒದೆಯುವ ಕಾಲು ಬಿಡಿ, ಊರಿದ ಕಾಲು ನೋಡಿ

"ಸಾರ್, ಮಗನ ಕಾಲಲ್ಲಿ ಜೋರೇ ಇಲ್ಲ. ಮೊಟ್ಟೆ ಜಾಸ್ತಿ ಕೊಡ್ಲಾ, ಪ್ರೋಟೀನ್ ಪೌಡರ್ ಶುರು ಮಾಡ್ಲಾ?"

ಒಂಬತ್ತು ಹತ್ತು ವರ್ಷದ ಮಕ್ಕಳನ್ನು ಫುಟ್‌ಬಾಲ್ ಕಲಿಯಲು ಕರೆತರುವ ಅಪ್ಪ ಅಮ್ಮಂದಿರು ನನ್ನನ್ನು ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಮೊಟ್ಟೆ ಕೊಡಿ, ಒಳ್ಳೆಯದೇ. ಪೌಡರ್ ವಿಷಯ ಡಾಕ್ಟರನ್ನು ಕೇಳಿ. ಆದರೆ ಚೆಂಡು ದೂರ ಹೋಗದಿರುವುದಕ್ಕೂ ಮೊಟ್ಟೆಗೂ ಸಂಬಂಧ ಇಲ್ಲ. ನಾನು ನೋಡಿದ ಮಟ್ಟಿಗೆ ಆ ವಯಸ್ಸಿನ ಹೆಚ್ಚಿನ ಮಕ್ಕಳಲ್ಲಿ ಬೇಕಾದಷ್ಟು ಶಕ್ತಿ ಇದೆ. ತಪ್ಪಿರುವುದು ಇನ್ನೊಂದು ಕಾಲಿನಲ್ಲಿ. ಚೆಂಡನ್ನು ಮುಟ್ಟದೆ ಅದರ ಪಕ್ಕ ನೆಲಕ್ಕೆ ಊರಿ ನಿಲ್ಲುತ್ತದಲ್ಲ, ಆ ಕಾಲಿನಲ್ಲಿ.

ಹೀಗೆಂದರೆ ಎಲ್ಲರೂ ತಲೆಯಾಡಿಸುತ್ತಾರೆ. ಮುಂದಿನ ಶನಿವಾರ ಗೆರೆಯಾಚೆ ನಿಂತು ಮತ್ತೆ ಅದೇ ಕೂಗು: "ಜೋರಾಗಿ ಹೊಡಿಯೋ! ಇನ್ನೂ ಜೋರು!" ಪಾಪ, ಹುಡುಗ ಇನ್ನಷ್ಟು ಹಿಂದಕ್ಕೆ ಹೋಗಿ ಓಡಿ ಬರುತ್ತಾನೆ, ಹಲ್ಲು ಕಚ್ಚಿ ಕಾಲು ಬೀಸುತ್ತಾನೆ, ಚೆಂಡು ನೆಟ್ ದಾಟಿ ಪಕ್ಕದ ಮನೆ ತಾರಸಿಗೆ ಹೋಗುತ್ತದೆ. ನನಗೆ ಬೇಜಾರಾಗುವುದು ಚೆಂಡು ಹೋಗಿದ್ದಕ್ಕಲ್ಲ. ಆ ಮಗು ಆಮೇಲೆ ಅಪ್ಪನ ಮುಖ ನೋಡುತ್ತದಲ್ಲ, ಅದಕ್ಕೆ.

ಹಾಗಾಗಿ ಈ ಒಂದು ವಿಷಯವನ್ನು ಉದ್ದಕ್ಕೇ ಹೇಳುತ್ತೇನೆ. ಊರಿದ ಕಾಲು ಚೆಂಡಿಗಿಂತ ಹಿಂದೆ ಬಿದ್ದರೆ ಮೈ ಹಿಂದಕ್ಕೆ ವಾಲುತ್ತದೆ, ಒದೆಯುವ ಪಾದ ಚೆಂಡಿನ ಅಡಿಗೆ ಹೋಗುತ್ತದೆ, ಚೆಂಡು ಮೇಲಕ್ಕೆ ಹಾರುತ್ತದೆ. ಚೆಂಡಿಗೆ ಅಂಟಿಕೊಂಡು ಊರಿದರೆ ಇನ್ನೊಂದು ಕಾಲು ಬೀಸಲು ಜಾಗವೇ ಇರುವುದಿಲ್ಲ. ತೀರಾ ಆಚೆ ಊರಿದರೆ ಕಾಲು ಚಾಚಬೇಕಾಗುತ್ತದೆ, ಚೆಂಡಿಗೆ ಬೆರಳ ತುದಿಯಷ್ಟೇ ತಾಗುತ್ತದೆ. ಊರಿದ ಪಾದ ಪಕ್ಕಕ್ಕೆ ತಿರುಗಿದ್ದರೆ ಸೊಂಟವೂ ಅತ್ತಲೇ ತಿರುಗುತ್ತದೆ, ಚೆಂಡೂ ಸಾಮಾನ್ಯವಾಗಿ ಅತ್ತಲೇ ಹೋಗುತ್ತದೆ. ಹಾಗಾದರೆ ಎಲ್ಲಿ ಊರಬೇಕು? ಚೆಂಡಿನ ಪಕ್ಕಕ್ಕೆ, ಹೆಚ್ಚುಕಡಿಮೆ ಒಂದು ಗೇಣು ಬಿಟ್ಟು. ನಿಮ್ಮ ಗೇಣಲ್ಲ, ಮಗುವಿನ ಗೇಣು. ಪಾದದ ನಡುಭಾಗ ಚೆಂಡಿನ ನಡುಭಾಗಕ್ಕೆ ಸಮ ಇರಲಿ, ಬೆರಳು ಗೋಲಿನ ಕಡೆ ಇರಲಿ, ಮೊಣಕಾಲು ಸ್ವಲ್ಪ ಬಗ್ಗಿರಲಿ. ಬೇಕಂತಲೇ ಎತ್ತರಕ್ಕೆ ಹೊಡೆಯುವಾಗ ಪಾದ ತುಸು ಹಿಂದೆ ಬರುತ್ತದೆ. ಅದನ್ನು ಆಮೇಲೆ ಕಲಿಯಬಹುದು.

ಜೋರು ಎಲ್ಲಿಂದ ಬರುತ್ತದೆ ಅಂದರೆ, ಅದೂ ಇಲ್ಲಿಂದಲೇ. ಓಡಿ ಬಂದ ವೇಗವನ್ನು ಊರಿದ ಕಾಲು ಹಿಡಿದು ನಿಲ್ಲಿಸುತ್ತದೆ. ಆಗ ಆ ವೇಗ ಸೊಂಟಕ್ಕೆ, ಸೊಂಟದಿಂದ ತೊಡೆಗೆ, ಕೊನೆಗೆ ಮೊಣಕಾಲಿನ ಕೆಳಗೆ ದಾಟುತ್ತದೆ. ಸೌದೆ ಒಡೆಯುವವರು ಕೊಡಲಿ ಎತ್ತುವ ಮೊದಲು ಕಾಲೂರಿ ಗಟ್ಟಿಯಾಗಿ ನಿಲ್ಲುತ್ತಾರೆ, ಅಲ್ವಾ? ಜಾರುವ ನೆಲದಲ್ಲಿ ಎಂಥ ಬಲಶಾಲಿಯ ಏಟೂ ಹಾಳಾಗುತ್ತದೆ.

ನಂಬಿಕೆ ಬರದಿದ್ದರೆ ಎರಡು ಪೆನಾಲ್ಟಿ ಹುಡುಕಿ ನೋಡಿ. 2004ರ ಯೂರೋ ಕ್ವಾರ್ಟರ್ ಫೈನಲ್‌ನಲ್ಲಿ ಪೋರ್ಚುಗಲ್ ವಿರುದ್ಧ ಡೇವಿಡ್ ಬೆಕ್‌ಹ್ಯಾಮ್ ಹೊಡೆದದ್ದು. 2008ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ, ಮಾಸ್ಕೋದ ಮಳೆಯಲ್ಲಿ, ಚೆಲ್ಸಿಯ ಜಾನ್ ಟೆರ್ರಿ ಹೊಡೆದದ್ದು. ಇಬ್ಬರಿಗೂ ಶಕ್ತಿ ಕಡಿಮೆಯಿತ್ತು ಅಂತ ಯಾರೂ ಹೇಳಲಾರರು. ನೋಡುವಾಗ ಚೆಂಡಿನ ಮೇಲೆ ಕಣ್ಣು ಬೇಡ, ಇಬ್ಬರ ಎಡಗಾಲು ಮಾತ್ರ ನೋಡಿ. ಊರಿದ ಆ ಕಾಲು ಜಾರುತ್ತದೆ. ಒಬ್ಬನ ಚೆಂಡು ಗೋಲಿನ ಮೇಲೆ ಹಾರಿಹೋಯಿತು, ಇನ್ನೊಬ್ಬನದು ಕಂಬಕ್ಕೆ ಬಡಿಯಿತು.

ಕ್ಲಾಸಿನಲ್ಲಿ ಒಬ್ಬಳು ಹುಡುಗಿ, ಹತ್ತು ವರ್ಷ ಇರಬೇಕು, ಹೊಡೆದದ್ದೆಲ್ಲ ಗೋಲಿನ ಮೇಲೇ ಹೋಗುತ್ತಿತ್ತು. "ಮೈ ಮುಂದೆ ಬಗ್ಗಿಸು" ಅಂತ ಎಲ್ಲರೂ ಹೇಳಿ ಹೇಳಿ, ಅವಳು ಗೂನು ಬೆನ್ನು ಮಾಡಿಕೊಂಡು ಓಡುತ್ತಿದ್ದಳು. ಗೆರೆ ಹಾಕಲು ತಂದಿದ್ದ ಸುಣ್ಣದ ಪುಡಿಯನ್ನು ಚೆಂಡಿನ ಪಕ್ಕ ಮತ್ತು ಹಿಂದೆ ತೆಳ್ಳಗೆ ಉದುರಿಸಿದೆ. "ಹೊಡಿ ಮರಿ, ಚೆಂಡು ಎಲ್ಲಿಗಾದ್ರೂ ಹೋಗ್ಲಿ" ಅಂದೆ. ಹೊಡೆದಳು. ಪುಡಿಯಲ್ಲಿ ಬೂಟಿನ ಗುರುತು ಬಿತ್ತು. ಚೆಂಡಿದ್ದ ಜಾಗಕ್ಕಿಂತ ಒಂದು ಪೂರಾ ಪಾದ ಹಿಂದೆ, ಅದೂ ಹಿಮ್ಮಡಿ ಮಾತ್ರ ಆಳವಾಗಿ ಒತ್ತಿತ್ತು. ಅವಳೇ ಕುಕ್ಕರಗಾಲಲ್ಲಿ ಕೂತು ನೋಡಿದಳು. "ಅಯ್ಯೋ ಸರ್, ನಾನು ಇಷ್ಟು ಹಿಂದೆ ಇದೀನಾ?" ಆಮೇಲೆ ನಾನು ಹೆಚ್ಚೇನೂ ಹೇಳಬೇಕಾಗಲಿಲ್ಲ. ಒಂದೇ ಹೆಜ್ಜೆ ಇಟ್ಟು, ಅರ್ಧ ಜೋರಿನಲ್ಲಿ, ಪ್ರತಿ ಸಲ ಗುರುತು ನೋಡಿಕೊಂಡು ಹೊಡೆಯತೊಡಗಿದಳು. ಆ ಸಂಜೆಯೇ ಚೆಂಡು ನೆಲಕ್ಕೆ ಇಳಿಯಿತು. ಎಲ್ಲ ಮಕ್ಕಳಿಗೂ ಇಷ್ಟು ಬೇಗ ಬರುತ್ತದೆ ಅಂತ ಹೇಳಲಾರೆ. ಕೆಲವರಿಗೆ ತಿಂಗಳುಗಟ್ಟಲೆ ಬೇಕು, ಅದರಲ್ಲಿ ತಪ್ಪೇನಿಲ್ಲ.

ಇನ್ನೊಂದು ದೂರು, "ಬರೀ ಬೆರಳಲ್ಲಿ ಹೊಡಿತಾನೆ". ಇದಕ್ಕೆ ಸಾಮಾನ್ಯ ಕಾರಣ ನೆಟ್ಟಗೆ ಓಡಿ ಬರುವುದು. ನೆಟ್ಟಗೆ ಬಂದು ಲೇಸ್ ಇರುವ ಭಾಗದಿಂದ ಹೊಡೆಯಲು ಹೋದರೆ ಬೆರಳು ನೆಲಕ್ಕೆ ತಾಗುತ್ತದೆ. ಒಂದು ಸಲ ನೋವಾದ ಮಗು ಮತ್ತೆ ಪಾದ ಕೆಳಗೆ ಚಾಚುವುದಿಲ್ಲ. ಸ್ವಲ್ಪ ಓರೆಯಾಗಿ ಬರಲು ಹೇಳಿ. ಹಾಗಂತ ಬೆರಳಲ್ಲಿ ಹೊಡೆಯುವುದು ಪಾಪ ಅಲ್ಲ. 2002ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಟರ್ಕಿ ವಿರುದ್ಧ ಬ್ರೆಜಿಲ್‌ನ ರೊನಾಲ್ಡೊ ಗೆಲುವಿನ ಗೋಲು ಹೊಡೆದದ್ದೇ ಹಾಗೆ. ಅವನಿಗೆ ಬೇರೆ ಥರವೂ ಬರುತ್ತಿತ್ತು, ಅಷ್ಟೇ ವ್ಯತ್ಯಾಸ.

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಆಡಿದ ನಮ್ಮ ತಂಡದಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಇದ್ದರು. ಸೋತದ್ದು 2–1ರಿಂದ, ನಮ್ಮ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಬರಿಗಾಲಿದ್ದಾಗ ಬೆರಳಲ್ಲಿ ಗುದ್ದಿದರೆ ನೋವು, ಹಾಗಾಗಿ ಪಾದ ತಾನೇ ಬಿಗಿಯಾಗಿ ಸರಿಯಾದ ಭಾಗ ಮುಂದೆ ಮಾಡುತ್ತದೆ. ಹುಲ್ಲು ಚೆನ್ನಾಗಿದ್ದು, ಕಲ್ಲು ಗಾಜು ಇಲ್ಲ ಅಂತ ಖಾತ್ರಿಯಾದರೆ, ಹಗುರ ಚೆಂಡಿನಲ್ಲಿ ಸ್ವಲ್ಪ ಹೊತ್ತು ಮಕ್ಕಳನ್ನು ಬರಿಗಾಲಲ್ಲಿ ಆಡಿಸುತ್ತೇನೆ. ಬಿಸಿಲಿಗೆ ಕಾದ ಟರ್ಫ್ ಮೇಲೆ ಮಾತ್ರ ಬೇಡವೇ ಬೇಡ.

ಚೆಂಡಿನ ವಿಷಯ. 5ನೇ ಸೈಜ್ ದೊಡ್ಡವರದ್ದು, 410ರಿಂದ 450 ಗ್ರಾಂ ತೂಗುತ್ತದೆ. ಎಂಟರಿಂದ ಹನ್ನೆರಡು ವರ್ಷದವರಿಗೆ 4, ಅದಕ್ಕಿಂತ ಚಿಕ್ಕವರಿಗೆ 3 ಸಾಕು. ಸೈಕಲ್ ಅಂಗಡಿಯಲ್ಲಿ ಕಲ್ಲಿನ ಹಾಗೆ ಗಾಳಿ ತುಂಬಿಸಿಕೊಂಡು ಬರುತ್ತಾರೆ, ಮಗು ಹೆದರಿ ಪಾದ ಸಡಿಲ ಬಿಡುತ್ತದೆ. ಹೆಬ್ಬೆರಳಲ್ಲಿ ಒತ್ತಿದರೆ ಸ್ವಲ್ಪ ಒಳಗೆ ಹೋಗಬೇಕು. ಬೂಟನ್ನು "ಮುಂದಿನ ವರ್ಷಕ್ಕೂ ಆಗ್ಲಿ" ಅಂತ ದೊಡ್ಡದು ಕೊಡಿಸಬೇಡಿ. ಒಳಗೆ ಪಾದ ಜಾರಿದರೆ ಇಷ್ಟು ಹೊತ್ತು ಹೇಳಿದ್ದೆಲ್ಲ ಸುಮ್ನೆ.

ಬೆಳೆಯುವ ಮಕ್ಕಳಲ್ಲಿ ಮೊಣಕಾಲಿನ ಕೆಳಗಿನ ಉಬ್ಬಿನಲ್ಲಿ ಅಥವಾ ಹಿಮ್ಮಡಿಯಲ್ಲಿ ನೋವು ಬರುವುದುಂಟು. ಎಲ್ಲ ನೋವೂ ಗಂಭೀರ ಅಲ್ಲ, ಆದರೆ ಅದನ್ನು ತೀರ್ಮಾನಿಸುವವನು ಕೋಚ್ ಅಲ್ಲ. ನೋವು ಅಂದ ಕೂಡಲೇ ಒದೆಯುವುದು ನಿಲ್ಲಿಸಿ, ಒಮ್ಮೆ ಡಾಕ್ಟರಿಗೆ ತೋರಿಸಿ.

ಮುಂದಿನ ಸಲ ಬರುವಾಗ ಒಂದು ವಿಡಿಯೋ ಮಾಡಿ ತನ್ನಿ. ಫೋನನ್ನು ನೆಲದ ಹತ್ತಿರ ಹಿಡಿದು, ಪಕ್ಕದಿಂದ, ನಿಧಾನಗತಿಯಲ್ಲಿ. ಗೋಲು ಆಯ್ತಾ ಇಲ್ವಾ ನನಗೆ ಬೇಡ. ಮೊಣಕಾಲಿನಿಂದ ಕೆಳಗೆ ಕಂಡರೆ ಸಾಕು.