ಕೈಲ್‌ಪೊಳ್ದ್‌ಗೆ ಒಂದೇ ತಾರೀಖು, ಪುತ್ತರಿಗೆ ಮಾತ್ರ ಯಾಕೆ ವರ್ಷಕ್ಕೊಂದು?

ಓದುಗರ ಪ್ರಶ್ನೆ: "ಕೈಲ್‌ಪೊಳ್ದ್ ಪ್ರತಿ ವರ್ಷ ಸೆಪ್ಟೆಂಬರ್ 3ಕ್ಕೇ ಬರುತ್ತೆ. ಕಾವೇರಿ ಸಂಕ್ರಮಣ ಅಕ್ಟೋಬರ್ 17, ಜಾಸ್ತಿ ಅಂದ್ರೆ 18. ಪುತ್ತರಿ ಮಾತ್ರ ಒಂದ್ಸಲ ನವೆಂಬರ್, ಒಂದ್ಸಲ ಡಿಸೆಂಬರ್. ನಾನು ಕೆಲಸ ಮಾಡೋದು ಬೆಂಗಳೂರಲ್ಲಿ, ರಜೆ ಬೇಕಂದ್ರೆ ಎಷ್ಟೋ ಮುಂಚೆ ಹೇಳ್ಬೇಕು. ಪುತ್ತರೀನೂ ಒಂದು ತಾರೀಖಿಗೆ ಗಟ್ಟಿ ಮಾಡೋಕೆ ಆಗಲ್ವಾ?"

ಕಾವೇರಿ ಸಂಕ್ರಮಣ ಮುಗಿದ ಕೂಡಲೇ ಶುರುವಾಗುವ ಪ್ರಶ್ನೆ ಇದು. ಗೊತ್ತಿಲ್ಲದವರಿಗೆ: ಮೂರೂ ಕೊಡಗಿನ ಹಬ್ಬ. ಕೈಲ್‌ಪೊಳ್ದ್ ಆಯುಧ ಪೂಜೆಯದ್ದು, ಕಾವೇರಿ ಸಂಕ್ರಮಣ ತಲಕಾವೇರಿಯದ್ದು, ಪುತ್ತರಿ ಅಥವಾ ಹುತ್ತರಿ ಹೊಸ ಭತ್ತದ ಕದಿರು ಮನೆಗೆ ತರುವ ಸುಗ್ಗಿಯದ್ದು. ಮಡಿಕೇರಿಯಲ್ಲಿ ಇರುವವರೂ ಕೇಳುತ್ತಾರೆ, ಹೊರಗೆ ದುಡಿಯುವವರಂತೂ ತಪ್ಪದೆ ಕೇಳುತ್ತಾರೆ. ಚಿಕ್ಕ ಉತ್ತರ ಹೀಗೆ: ಮೊದಲಿನ ಎರಡು ಹಬ್ಬ ಸೂರ್ಯನನ್ನು ನೋಡಿ ನಡೆಯುತ್ತವೆ. ಪುತ್ತರಿ ಚಂದ್ರನನ್ನೂ ನೋಡುತ್ತದೆ, ನಕ್ಷತ್ರವನ್ನೂ ನೋಡುತ್ತದೆ. ಗೋಡೆಯ ಕ್ಯಾಲೆಂಡರ್ ಸೂರ್ಯನದ್ದು. ಹಾಗಾಗಿ ಸೂರ್ಯನ ಹಬ್ಬ ಅದರಲ್ಲಿ ನಿಂತಲ್ಲೇ ನಿಂತ ಹಾಗೆ ಕಾಣುತ್ತದೆ, ಚಂದ್ರನ ಹಬ್ಬ ಓಡಾಡಿದ ಹಾಗೆ ಕಾಣುತ್ತದೆ.

ಕೈಲ್‌ಪೊಳ್ದ್ ಲೆಕ್ಕ ತೀರಾ ಸುಲಭ. ಸೂರ್ಯ ಸಿಂಹ ರಾಶಿಗೆ ಬರುವುದು ಆಗಸ್ಟ್ 17ರ ಹೊತ್ತಿಗೆ, ಅಲ್ಲಿಂದ 18ನೇ ದಿನ ಹಬ್ಬ. ಕೋವಿ, ಒಡಿಕತ್ತಿಗೆ ಪೂಜೆ ಮಾಡುವ ದಿನ ವರ್ಷ ವರ್ಷ ಅಲ್ಲೇ ಬಂದು ನಿಲ್ಲುವುದು ಇದರಿಂದಲೇ.

ತಲಕಾವೇರಿಯದ್ದು ಇನ್ನೂ ಚೆನ್ನಾಗಿದೆ. ಸೂರ್ಯ ತುಲಾ ರಾಶಿಗೆ ಬರುವ ಗಳಿಗೆಗೆ ಅಲ್ಲಿನ ಪುಟ್ಟ ಕುಂಡಿಕೆಯಲ್ಲಿ ಕಾವೇರಿ ಉಕ್ಕುತ್ತಾಳೆ, ಅದೇ ತೀರ್ಥೋದ್ಭವ. ದಿನ ಹೆಚ್ಚು ಕಡಿಮೆ ಒಂದೇ ಆದರೂ ಆ ಗಳಿಗೆ ಪ್ರತಿ ವರ್ಷ ಬೇರೆ, ಅಲ್ವಾ? 2022ರಲ್ಲಿ ಅಕ್ಟೋಬರ್ 17ರ ರಾತ್ರಿ 7.21ಕ್ಕೆ. 2023ರಲ್ಲಿ 17ರ ರಾತ್ರಿ ಕಳೆದು 1.27ಕ್ಕೆ, ಅಂದರೆ ತಾರೀಖು 18. 2024ರಲ್ಲಿ 17ರ ಬೆಳಿಗ್ಗೆ 7.40ಕ್ಕೆ. 2025ರಲ್ಲಿ ಅದೇ 17ರ ಮಧ್ಯಾಹ್ನ 1.44ಕ್ಕೆ. ಪ್ರತಿ ಸಲ ಆರು ಗಂಟೆ, ಮೇಲೆ ಕೆಲವು ನಿಮಿಷ ಮುಂದೆ ಹೋಗುತ್ತಿದೆ. ವರ್ಷ ಅಂದರೆ 365 ದಿನ ಮಾತ್ರ ಅಲ್ಲ, ಅದರ ಮೇಲೆ ಸುಮಾರು ಆರು ಗಂಟೆ ಇದೆ. ನಾಲ್ಕು ವರ್ಷಕ್ಕೊಮ್ಮೆ ಫೆಬ್ರವರಿ 29 ಹಾಕುವುದು ಈ ಆರು ಗಂಟೆಗಳನ್ನು ಕೂಡಿಸಿಯೇ. ಬ್ರಹ್ಮಕುಂಡಿಕೆಯ ಸುತ್ತ ತಂಬಿಗೆ ಹಿಡಿದು ಚಳಿಯಲ್ಲಿ ಕಾಯುವ ಜನ ಪ್ರತಿ ವರ್ಷ ಈ ಲೆಕ್ಕವನ್ನು ಮೈಮೇಲೆ ಅನುಭವಿಸುತ್ತಾರೆ. ಒಂದು ವರ್ಷ ನಡುರಾತ್ರಿ ಬೆಟ್ಟ ಹತ್ತಬೇಕು, ಮರುವರ್ಷ ಬೆಳಗಿನ ಕಾಫಿ ಹೊತ್ತಿಗೆ.

ಹೀಗೆ ಗಳಿಗೆಗೆ ಕಾಯುವವರು ನಾವು ಮಾತ್ರ ಅಲ್ಲ. ಇರಾನಿನ ನೌರೂಜ್, ಅಂದರೆ ಅಲ್ಲಿನ ಹೊಸ ವರ್ಷ, ವಸಂತದಲ್ಲಿ ಹಗಲು ರಾತ್ರಿ ಸಮ ಆಗುವ ಕ್ಷಣಕ್ಕೇ ಶುರುವಾಗುತ್ತದೆ. ಮಾರ್ಚ್ 20ರ ಆಸುಪಾಸು. ಮೊಳಕೆ ಬರಿಸಿದ ಗೋಧಿ, ಸೇಬು, ಬೆಳ್ಳುಳ್ಳಿ, ವಿನೆಗರ್ ಹೀಗೆ ಏಳು ವಸ್ತು ಜೋಡಿಸಿದ ಮೇಜಿನ ಸುತ್ತ ಮನೆಯವರೆಲ್ಲ ಕೂತು ಆ ನಿಮಿಷಕ್ಕೆ ಕಾಯುತ್ತಾರೆ. 2024ರಲ್ಲಿ ಟೆಹ್ರಾನ್‌ನಲ್ಲಿ ಅದು ಬೆಳಿಗ್ಗೆ 6.36ಕ್ಕೆ ಬಂತು, 2025ರಲ್ಲಿ ಮಧ್ಯಾಹ್ನ 12.31ಕ್ಕೆ. ಅಲ್ಲೂ ಅದೇ ಆರು ಗಂಟೆ ನೋಡಿ! ಈ ಆರು ಗಂಟೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದಿದ್ದರೆ ಏನಾಗುತ್ತದೆ ಅನ್ನುವುದಕ್ಕೂ ನಮ್ಮ ದೇಶದಲ್ಲೇ ಉದಾಹರಣೆ ಇದೆ. ಇಲ್ಲಿನ ಹೆಚ್ಚಿನ ಪಾರ್ಸಿಗಳ ವರ್ಷಕ್ಕೆ ಸರಿಯಾಗಿ 365 ದಿನ, ಅಧಿಕ ದಿನ ಇಲ್ಲ. ನಾಲ್ಕು ವರ್ಷಕ್ಕೆ ಒಂದು ದಿನದಂತೆ ಹಿಂದೆ ಸರಿಯುತ್ತಾ ಬಂದು ಅವರ ಹೊಸ ವರ್ಷ ಈಗ ಆಗಸ್ಟ್ ಮಧ್ಯದಲ್ಲಿ ಬೀಳುತ್ತದೆ.

ಇನ್ನು ಚಂದ್ರ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಇಪ್ಪತ್ತೊಂಬತ್ತೂವರೆ ದಿನ. ಹನ್ನೆರಡು ಸಲ ಆದರೆ 354. ಸೂರ್ಯನ ವರ್ಷಕ್ಕೆ ಇನ್ನೂ 11 ದಿನ ಕಮ್ಮಿ. ಈ 11 ದಿನವನ್ನು ಏನು ಮಾಡುತ್ತೀರಿ ಅನ್ನುವುದರ ಮೇಲೆ ಲೋಕದ ಹಬ್ಬಗಳೆಲ್ಲ ಬೇರೆ ಬೇರೆ ದಾರಿ ಹಿಡಿದಿವೆ.

ಒಂದು ದಾರಿ, ಅದನ್ನು ಹಾಗೇ ಬಿಡುವುದು. ಇಸ್ಲಾಮಿನಲ್ಲಿ ತಿಂಗಳು ಸೇರಿಸುವ ಪದ್ಧತಿಯೇ ಇಲ್ಲ. ರಂಜಾನ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಮುಂಚೆ ಬರುತ್ತಾ ಸುಮಾರು 33 ವರ್ಷಕ್ಕೆ ಮಳೆ, ಚಳಿ, ಬೇಸಿಗೆ ಎಲ್ಲವನ್ನೂ ಒಂದು ಸುತ್ತು ಹಾಕುತ್ತದೆ. 2030ರಲ್ಲಂತೂ ಜನವರಿಯಲ್ಲಿ ಒಮ್ಮೆ, ಡಿಸೆಂಬರ್ ಕೊನೆಯಲ್ಲಿ ಇನ್ನೊಮ್ಮೆ, ಒಂದೇ ವರ್ಷದಲ್ಲಿ ಎರಡು ಸಲ ಉಪವಾಸ ಶುರುವಾಗುತ್ತದೆ. ನನಗೆ ಇದರಲ್ಲಿ ನ್ಯಾಯ ಕಾಣುತ್ತದೆ. ಉತ್ತರದ ದೇಶಗಳಲ್ಲಿ ಬೇಸಿಗೆಯ ಹಗಲು ಹದಿನೆಂಟು ಗಂಟೆಯೂ ಇರುತ್ತದೆ. ಉಪವಾಸ ಯಾವಾಗಲೂ ಅದೇ ಕಾಲಕ್ಕೆ ಬಂದರೆ ಅಲ್ಲಿನವರಿಗೆ ಜೀವನಪೂರ್ತಿ ಕಷ್ಟ. ತಿರುಗುವುದರಿಂದ ಸುಲಭದ ದಿನಗಳೂ ಎಲ್ಲರಿಗೂ ಸಿಗುತ್ತವೆ, ಕಷ್ಟದ ದಿನಗಳೂ ಸಿಗುತ್ತವೆ. ಕೊನೆಗೆ ಚಂದ್ರ ಕಂಡರೇ ಹಬ್ಬ. 2024ರಲ್ಲಿ ಕೇರಳ ಏಪ್ರಿಲ್ 10ಕ್ಕೆ ಈದ್ ಮಾಡಿತು, ದೆಹಲಿ 11ಕ್ಕೆ.

ಇನ್ನೊಂದು ದಾರಿ, 11 ದಿನ ಸೇರಿ ಸೇರಿ ಒಂದು ತಿಂಗಳಾಗುವವರೆಗೆ ಕಾದು ಅಧಿಕ ಮಾಸ ಹಾಕುವುದು. ನಮ್ಮ ಪಂಚಾಂಗ ಇದನ್ನೇ ಮಾಡುತ್ತದೆ. ಚೀನಾದವರು, ಯಹೂದಿಗಳು, ಟಿಬೆಟಿನವರೂ ಹೀಗೇ. ಆದರೆ ತಿಂಗಳನ್ನು ಎಲ್ಲಿ ಸೇರಿಸಬೇಕು ಅನ್ನುವ ಲೆಕ್ಕ ಅವರವರದ್ದು. ಕುಶಾಲನಗರ ದಾಟಿದ ಕೂಡಲೇ ಸಿಗುವ ಬೈಲಕುಪ್ಪೆಯಲ್ಲಿ ಟಿಬೆಟಿನವರ ಹೊಸ ವರ್ಷ ಲೋಸರ್ ನೋಡಿದವರಿಗೆ ಇದು ಗೊತ್ತಾಗಿರುತ್ತದೆ. 2024ರಲ್ಲಿ ಟಿಬೆಟಿನ ಲೋಸರ್ ಮತ್ತು ಚೀನಾದ ಹೊಸ ವರ್ಷ ಎರಡೂ ಫೆಬ್ರವರಿ 10ಕ್ಕೇ ಬಂದವು. ಮರುವರ್ಷ ಚೀನಾದ್ದು ಜನವರಿ 29ಕ್ಕೆ, ಲೋಸರ್ ಫೆಬ್ರವರಿ 28ಕ್ಕೆ. ಒಂದು ಇಡೀ ತಿಂಗಳು ವ್ಯತ್ಯಾಸ. ಅಂದಹಾಗೆ ಲೋಸರ್‌ಗೆ ಮುಂಚೆ ಅವರ ಮನೆಗಳಲ್ಲಿ ಗುತುಕ್ ಅನ್ನುವ ಸೂಪ್ ಮಾಡುತ್ತಾರೆ. ಅದರಲ್ಲಿ ಹಿಟ್ಟಿನ ಉಂಡೆಗಳು, ಪ್ರತಿ ಉಂಡೆಯೊಳಗೂ ಏನೋ ಒಂದು ಬಚ್ಚಿಟ್ಟಿರುತ್ತಾರೆ. ಮೆಣಸಿನಕಾಯಿ ಸಿಕ್ಕಿದವರು ಮಾತುಗಾರರು, ಇದ್ದಿಲು ಸಿಕ್ಕಿದರೆ ಮನಸ್ಸು ಕಪ್ಪು ಅಂತ. ಮನೆಯವರೆಲ್ಲ ಒಬ್ಬರನ್ನೊಬ್ಬರು ರೇಗಿಸುತ್ತಾ ಉಣ್ಣುವ ಊಟ ಅದು.

ಈಸ್ಟರ್ ಸೂರ್ಯ, ಚಂದ್ರ, ವಾರ ಮೂರನ್ನೂ ಕೇಳುತ್ತದೆ. ಮಾರ್ಚ್ 21ಕ್ಕೆ ಅಥವಾ ಅದಾದ ಮೇಲೆ ಬರುವ ಮೊದಲ ಹುಣ್ಣಿಮೆ, ಆ ಹುಣ್ಣಿಮೆ ಕಳೆದು ಬರುವ ಭಾನುವಾರ. ಹಾಗಾಗಿ ಮಾರ್ಚ್ 22ರಿಂದ ಏಪ್ರಿಲ್ 25ರ ಒಳಗೆ ಎಲ್ಲಿ ಬೇಕಾದರೂ ಬರಬಹುದು. ವಿರಾಜಪೇಟೆಯ ಚರ್ಚಿನಲ್ಲಿ ಕ್ರಿಸ್ಮಸ್ ಡಿಸೆಂಬರ್ 25 ಬಿಟ್ಟು ಅಲುಗುವುದಿಲ್ಲ, ಈಸ್ಟರ್ ಮಾತ್ರ ಅಲುಗುತ್ತದೆ. ನಿಮ್ಮ ಕೈಲ್‌ಪೊಳ್ದ್ ಮತ್ತು ಪುತ್ತರಿಯ ಕತೆಯೇ ಅಲ್ಲೂ.

ಈಗ ಪುತ್ತರಿಗೆ ಬರೋಣ. ಇತ್ತೀಚಿನ ತಾರೀಖುಗಳನ್ನು ಸಾಲಾಗಿ ನೋಡಿ. 2022ರಲ್ಲಿ ಡಿಸೆಂಬರ್ 7, 2023ರಲ್ಲಿ ನವೆಂಬರ್ 27, 2024ರಲ್ಲಿ ಡಿಸೆಂಬರ್ 14, 2025ರಲ್ಲಿ ಡಿಸೆಂಬರ್ 4. ಹತ್ತು ದಿನ ಹಿಂದೆ, ಹದಿನೇಳು ದಿನ ಮುಂದೆ, ಮತ್ತೆ ಹತ್ತು ದಿನ ಹಿಂದೆ. ಇದು ಕಕ್ಕಬ್ಬೆಯ ಪಾಡಿ ಇಗ್ಗುತಪ್ಪ ದೇವಾಲಯದಲ್ಲಿ ಜ್ಯೋತಿಷಿಗಳು, ತಕ್ಕರು (ಅಂದರೆ ಅಲ್ಲಿನ ಮುಖ್ಯಸ್ಥರು) ಸೇರಿ ಸುಮ್ನೆ ಆರಿಸಿದ ದಿನ ಅಲ್ಲ. ಅವರು ನೋಡುವುದು ರೋಹಿಣಿ ನಕ್ಷತ್ರವನ್ನು, ಅದೂ ಹುಣ್ಣಿಮೆಯ ಹೊತ್ತಿಗೆ ಬರುವ ರೋಹಿಣಿಯನ್ನು.

ಇಲ್ಲೇ ನಮ್ಮ ಹಿರಿಯರ ಜಾಣತನ ಇರುವುದು. ಹುಣ್ಣಿಮೆ ಅಂದರೆ ಚಂದ್ರ ಸೂರ್ಯನಿಗೆ ಎದುರು ಬದಿಯಲ್ಲಿ ಇರುವುದು. ಹುಣ್ಣಿಮೆ ಚಂದ್ರ ರೋಹಿಣಿಯ ಹತ್ತಿರ ಇರಬೇಕು ಅಂದರೆ ಸೂರ್ಯ ಅದರ ಎದುರಿಗೆ ಇರಲೇಬೇಕು. ವರ್ಷದಲ್ಲಿ ಅದು ಆಗುವುದು ನವೆಂಬರ್ ಕೊನೆಯಿಂದ ಡಿಸೆಂಬರ್ ಮಧ್ಯದವರೆಗೆ ಮಾತ್ರ. ಅಂದರೆ ಚಂದ್ರನ ಜೊತೆಗೆ ಒಂದು ನಕ್ಷತ್ರವನ್ನೂ ಹಿಡಿದುಕೊಂಡರೆ ಸಾಕು, ಸೂರ್ಯನ ಲೆಕ್ಕ ತಾನಾಗೇ ಸೇರಿಕೊಳ್ಳುತ್ತದೆ. ಹಬ್ಬ ಬೆಳೆ ಬಿಟ್ಟು ಬೇರೆ ಕಾಲಕ್ಕೆ ಹೋಗಲು ಸಾಧ್ಯವೇ ಇಲ್ಲ. 2024ರಲ್ಲಿ ಕಾರ್ತಿಕ ಹುಣ್ಣಿಮೆ ನವೆಂಬರ್ 15ಕ್ಕೇ ಬಂದಿತ್ತು. ಆ ರಾತ್ರಿ ಚಂದ್ರ ಇನ್ನೂ ರೋಹಿಣಿಗೆ ತಲುಪಿರಲಿಲ್ಲ. ಹಾಗಾಗಿ ಪುತ್ತರಿ ಮಾರ್ಗಶಿರ ಹುಣ್ಣಿಮೆಗೆ ಕಾಯಿತು. ಕೃತ್ತಿಕೆಗೂ ಮೃಗಶಿರಕ್ಕೂ ನಡುವೆ ಇರುವ ನಕ್ಷತ್ರ ರೋಹಿಣಿ, ಅದಕ್ಕೇ ಪುತ್ತರಿ ಒಂದು ವರ್ಷ ಕಾರ್ತಿಕದ್ದು, ಇನ್ನೊಂದು ವರ್ಷ ಮಾರ್ಗಶಿರದ್ದು. ನಂಬಿಕೆ ಬರದಿದ್ದರೆ ಪುತ್ತರಿ ರಾತ್ರಿ ಗದ್ದೆಯಲ್ಲಿ ನಿಂತು ತಲೆ ಎತ್ತಿ ನೋಡಿ. ಮಂಜು ಮುಸುಕದಿದ್ದರೆ ಚಂದ್ರನ ಹತ್ತಿರದಲ್ಲೇ ಸ್ವಲ್ಪ ಕೆಂಪಗಿನ ಒಂದು ನಕ್ಷತ್ರ ಕಾಣುತ್ತದೆ. ಅದೇ ರೋಹಿಣಿ.

ಹುಣ್ಣಿಮೆಯೇ ಯಾಕೆ ಅಂತಲೂ ಕೆಲವರು ಕೇಳುತ್ತಾರೆ. ಹಬ್ಬದ ಕೆಲಸ ಇರುವುದೇ ರಾತ್ರಿ ಅಲ್ವಾ? ಮೊದಲು ಐನ್‌ಮನೆಯಲ್ಲಿ, ಅಂದರೆ ಕುಟುಂಬದ ಮೂಲ ಮನೆಯಲ್ಲಿ, ದೀಪದ ಮುಂದೆ ಅರಳಿ, ಮಾವು ಸೇರಿ ಐದು ಬಗೆಯ ಎಲೆ ಇಟ್ಟು, ಅವನ್ನು ಸೇರಿಸಿ ಕಟ್ಟಬೇಕು. ಇದಕ್ಕೆ ನೆರೆ ಕಟ್ಟುವುದು ಅನ್ನುತ್ತೇವೆ. ಆಮೇಲೆ ಮನೆಯವರೆಲ್ಲ ಸಾಲಾಗಿ ಗದ್ದೆ ಏರಿಯ ಮೇಲೆ ನಡೆದು ಹೋಗಬೇಕು. ಕುಪ್ಯಚೇಲೆ ಉಟ್ಟವರು, ಮಕ್ಕಳು, ವಯಸ್ಸಾದವರು ಎಲ್ಲ. ಗಾಳಿಯಲ್ಲಿ ಗುಂಡು ಹಾರಿಸಿ, ತೆನೆ ಕೊಯ್ದು, "ಪೊಲಿ ಪೊಲಿ ದೇವಾ" ಅಂತ ಕೂಗುತ್ತಾ ಕದಿರನ್ನು ಮನೆಗೆ ತರಬೇಕು. ಕರೆಂಟು, ಟಾರ್ಚು ಇಲ್ಲದ ಕಾಲದಲ್ಲಿ ಜಾರುವ ಏರಿಯ ಮೇಲೆ ಬೆಳದಿಂಗಳು ಇಲ್ಲದೆ ಇದೆಲ್ಲ ಹೇಗೆ ಆಗುತ್ತಿತ್ತು? ಕೊರಿಯಾದ ಚೂಸೊಕ್ ಕೂಡ ಹುಣ್ಣಿಮೆಗೇ, ಅವರ ಎಂಟನೇ ತಿಂಗಳ 15ಕ್ಕೆ. ಹೊಸ ಅಕ್ಕಿಯ ಹಿಟ್ಟಿನೊಳಗೆ ಎಳ್ಳು, ಕಾಳು ತುಂಬಿ ಪೈನ್ ಮರದ ಎಲೆಯ ಮೇಲೆ ಹಬೆಯಲ್ಲಿ ಬೇಯಿಸಿ ಹಿರಿಯರಿಗೆ ಎಡೆ ಇಡುತ್ತಾರೆ. ನಮ್ಮವರು ಯಾರಾದರೂ ಆ ಹೊತ್ತಿಗೆ ಅಲ್ಲಿ ಹೋದರೆ ಹೊಸದಾಗಿ ಏನೂ ವಿವರಿಸಬೇಕಾಗಿಲ್ಲ.

ಹಾಗಾದರೆ ಒಂದು ತಾರೀಖಿಗೆ ಗಟ್ಟಿ ಮಾಡಬಹುದಾ? ಮಾಡಿದವರು ಇದ್ದಾರೆ. ಅಮೆರಿಕದವರು ತಮ್ಮ ಸುಗ್ಗಿಯ ಹಬ್ಬ ಥ್ಯಾಂಕ್ಸ್‌ಗಿವಿಂಗನ್ನು 1941ರಲ್ಲಿ ಕಾನೂನು ಮಾಡಿ ನವೆಂಬರಿನ ನಾಲ್ಕನೇ ಗುರುವಾರಕ್ಕೆ ಕಟ್ಟಿ ಹಾಕಿದರು. ಆದರೆ ನಾವು ನೋಡಬೇಕಾದ್ದು ಜಪಾನನ್ನು. ಅಲ್ಲಿ ಚಕ್ರವರ್ತಿ ಹೊಸ ಅಕ್ಕಿಯನ್ನು ದೇವರಿಗೆ ಅರ್ಪಿಸಿ ತಾನೂ ಉಣ್ಣುವ ಹಬ್ಬ ಇದೆ, ನೀನಾಮೆಸಾಯ್ ಅಂತ. ಮೊದಲು ಚಾಂದ್ರಮಾನದ ಹನ್ನೊಂದನೇ ತಿಂಗಳಲ್ಲಿ ದಿನ ನೋಡಿ ಮಾಡುತ್ತಿದ್ದರು. 1873ರಲ್ಲಿ ಜಪಾನ್ ಇಂಗ್ಲಿಷ್ ಕ್ಯಾಲೆಂಡರಿಗೆ ಬದಲಾದಾಗ ಅದು ನವೆಂಬರ್ 23ಕ್ಕೆ ನಿಂತಿತು. 1948ರಿಂದ ಆ ದಿನದ ರಜೆಗೆ ಕಾರ್ಮಿಕರಿಗೆ ಕೃತಜ್ಞತೆ ಹೇಳುವ ದಿನ ಅಂತ ಹೆಸರು. ಅರಮನೆಯಲ್ಲಿ ಪೂಜೆ ಈಗಲೂ ನಡೆಯುತ್ತದೆ.

ಅದಕ್ಕಿಂತ ದೊಡ್ಡ ನಷ್ಟ ಆಗಿದ್ದು ಅವರ ತನಾಬಾತ ಹಬ್ಬಕ್ಕೆ. ಆಕಾಶಗಂಗೆಯ ಆಚೆ ಈಚೆ ಇರುವ ಇಬ್ಬರು ಪ್ರೇಮಿಗಳು ವರ್ಷಕ್ಕೊಂದು ರಾತ್ರಿ ಸೇರುವ ಹಬ್ಬ ಅದು. ಆ ಇಬ್ಬರು ಅಂದರೆ ನಮ್ಮ ಅಭಿಜಿತ್ ಮತ್ತು ಶ್ರವಣ ನಕ್ಷತ್ರಗಳು. ಜನ ಬಣ್ಣದ ಕಾಗದದಲ್ಲಿ ತಮ್ಮ ಆಸೆ ಬರೆದು ಬಿದಿರಿಗೆ ಕಟ್ಟುತ್ತಾರೆ. ಹಳೆಯ ಲೆಕ್ಕದ ಏಳನೇ ತಿಂಗಳ ಏಳನೇ ದಿನ ಸಾಮಾನ್ಯವಾಗಿ ಆಗಸ್ಟಿನಲ್ಲಿ ಬರುತ್ತಿತ್ತು, ಆಗ ಆಕಾಶ ತಿಳಿ. ತಾರೀಖನ್ನು ಜುಲೈ 7 ಅಂತ ಮಾಡಿದ ಮೇಲೆ ಅದು ಜಪಾನಿನ ಹೆಚ್ಚಿನ ಕಡೆ ಮಳೆಗಾಲಕ್ಕೆ ಬಂದು ಬಿತ್ತು. ನಕ್ಷತ್ರದ ಹಬ್ಬಕ್ಕೆ ನಕ್ಷತ್ರವೇ ಕಾಣುವುದಿಲ್ಲ! ಸೆಂದಾಯ್ ಊರಿನವರು ಈಗಲೂ ಆಗಸ್ಟ್ 6ರಿಂದ 8ರವರೆಗೆ ತಮ್ಮ ದೊಡ್ಡ ತನಾಬಾತ ಮಾಡುತ್ತಾರೆ, ಹಳೆಯ ಕಾಲಕ್ಕೆ ಹತ್ತಿರ ಇರಲಿ ಅಂತ.

ಪುತ್ತರಿಯನ್ನು ಡಿಸೆಂಬರ್ 5 ಅಂತಲೋ, ಡಿಸೆಂಬರಿನ ಮೊದಲ ಶನಿವಾರ ಅಂತಲೋ ಮಾಡಿದರೆ ನಮಗೂ ಹೀಗೇ ಆಗುತ್ತದೆ. ಕೆಲವು ವರ್ಷ ಅಮಾವಾಸ್ಯೆಯ ಕತ್ತಲಲ್ಲಿ ಮೊಬೈಲ್ ಬೆಳಕು ಹಿಡಿದು ಕದಿರು ತೆಗೆಯಬೇಕು. ನನಗಂತೂ ಇದು ಬೇಡ. ರಜೆಯ ತೊಂದರೆ ನಿಜವೇ, ಅದನ್ನು ನಾನು ಸಣ್ಣದು ಮಾಡುವುದಿಲ್ಲ. ಆದರೆ ಅದಕ್ಕೆ ಹಬ್ಬವನ್ನು ಅಲುಗಿಸುವುದು ಪರಿಹಾರ ಅಲ್ಲ. ಚೂಸೊಕ್ ಕೂಡ 2024ರಲ್ಲಿ ಸೆಪ್ಟೆಂಬರ್ 17ಕ್ಕೆ ಬಂತು, 2025ರಲ್ಲಿ ಅಕ್ಟೋಬರ್ 6ಕ್ಕೆ. ಕೊರಿಯಾ ಸರ್ಕಾರ ಹಬ್ಬವನ್ನು ಮುಟ್ಟಲಿಲ್ಲ. ಹಿಂದಿನ ದಿನ, ಹಬ್ಬದ ದಿನ, ಮರುದಿನ ಮೂರೂ ರಜೆ ಕೊಟ್ಟಿತು. ನಮ್ಮಲ್ಲಿ ಈ ಮೂರೂ ಹಬ್ಬಕ್ಕೆ ಕೈಲ್ ಮುಹೂರ್ತ, ತುಲಾ ಸಂಕ್ರಮಣ, ಹುತ್ತರಿ ಅನ್ನುವ ಹೆಸರಲ್ಲಿ ಸ್ಥಳೀಯ ರಜೆ ಇದೆ, ಅದು ಕೊಡಗು ಜಿಲ್ಲೆಗೆ ಮಾತ್ರ. ಬೆಂಗಳೂರಿನ ಆಫೀಸಿಗೆ ಅದು ಲೆಕ್ಕಕ್ಕಿಲ್ಲ.

ಹಾಗಾಗಿ ನಿಮಗೆ ಕೆಲಸಕ್ಕೆ ಬರುವ ಒಂದು ಲೆಕ್ಕ ಹೇಳುತ್ತೇನೆ. ಓಣಂ, ಅಂದರೆ ತಿರುವೋಣಂ ದಿನ, ಎಲ್ಲ ಕ್ಯಾಲೆಂಡರಿನಲ್ಲೂ ಮೊದಲೇ ಅಚ್ಚಾಗಿರುತ್ತದೆ. ಅದಕ್ಕೆ 90 ದಿನ ಕೂಡಿಸಿ. 2022ರ ಓಣಂ ಸೆಪ್ಟೆಂಬರ್ 8, ಪುತ್ತರಿ ಡಿಸೆಂಬರ್ 7. 2023ರ ಓಣಂ ಆಗಸ್ಟ್ 29, ಪುತ್ತರಿ ನವೆಂಬರ್ 27. 2024ರಲ್ಲಿ ಸೆಪ್ಟೆಂಬರ್ 15 ಮತ್ತು ಡಿಸೆಂಬರ್ 14. 2025ರಲ್ಲಿ ಸೆಪ್ಟೆಂಬರ್ 5 ಮತ್ತು ಡಿಸೆಂಬರ್ 4. ನಾಲ್ಕು ಸಲವೂ ಸರಿಯಾಗಿ 90. ಯಾಕೆಂದರೆ ತಿರುವೋಣಂ ಅಂದರೆ ಚಂದ್ರ ಶ್ರವಣ ನಕ್ಷತ್ರದಲ್ಲಿ ಇರುವ ದಿನ. ಚಂದ್ರ ಶ್ರವಣದಿಂದ ಹೊರಟು ಮೂರು ಸುತ್ತು ಹಾಕಿ ಶ್ರವಣಕ್ಕೇ ಮರಳಲು ಸುಮಾರು 82 ದಿನ ಬೇಕು, ಅಲ್ಲಿಂದ ರೋಹಿಣಿಗೆ ಇನ್ನೂ ಎಂಟೊಂಬತ್ತು ದಿನದ ದಾರಿ.

2026ರ ಓಣಂ ಆಗಸ್ಟ್ 26. ಎಣಿಸಿದರೆ ನವೆಂಬರ್ 24 ಬರುತ್ತದೆ, ಅವತ್ತೇ ಹುಣ್ಣಿಮೆ ಕೂಡ. ಆದರೆ ಆ ಸಂಜೆ ಚಂದ್ರ ಕೃತ್ತಿಕೆಯ ಕೊನೆಯಲ್ಲಿರುತ್ತಾನೆ, ರೋಹಿಣಿ ಶುರುವಾಗುವುದು ರಾತ್ರಿ ತಡವಾಗಿ. ಹಾಗಾಗಿ ಹಬ್ಬ ಒಂದು ದಿನ ಆಚೆ ಹೋದರೂ ಹೋಗಬಹುದು. ಕಕ್ಕಬ್ಬೆಯಿಂದ ದಿನ ಮತ್ತು ಗಳಿಗೆ ಗೊತ್ತಾಗುವವರೆಗೆ 24, 25 ಎರಡೂ ದಿನ ರಜೆ ಕೇಳಿ ಇಟ್ಟುಕೊಳ್ಳಿ. ಬಸ್ಸಿನ ಟಿಕೆಟ್ ಮಾತ್ರ 23ರ ರಾತ್ರಿಯದ್ದೇ ಮಾಡಿಸಿ.