31 ಪಂದ್ಯ, 2 ಗೋಲು: ಲೋನ್ ಆಟಗಾರನನ್ನು ಅಳೆಯುವುದು ಹೇಗೆ?

2023ರ ಜನವರಿ ಎರಡನೇ ವಾರ. ಅಕ್ಕನ ಮಗ ಫೋನ್ ಮಾಡಿದ. "ಮಾವ, ನಮ್ಮೋರಿಗೆ ಬುದ್ಧಿ ಇದ್ಯಾ? ರೊನಾಲ್ಡೊ ಹೋದ ಜಾಗಕ್ಕೆ ಬರ್ನ್ಲಿಯವನನ್ನ ತರ್ತಾರಂತೆ!"

ನಮ್ಮೋರು ಅಂದರೆ ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಮ್ಯಾಂಚೆಸ್ಟರ್ ಯುನೈಟೆಡ್. ಬರ್ನ್ಲಿ ಅಲ್ಲಿನದೇ ಒಂದು ಚಿಕ್ಕ ಕ್ಲಬ್. ಅಳಿಯ ಹುಟ್ಟಿದ್ದು, ಬೆಳೆದದ್ದು ಬೆಂಗಳೂರಿನ ವಿಜಯನಗರ. ಮ್ಯಾಂಚೆಸ್ಟರ್ ಯಾವ ದಿಕ್ಕಿಗಿದೆ ಎಂದು ಕೇಳಿದರೆ ಯೋಚನೆ ಮಾಡುತ್ತಾನೆ. ಆದರೆ ರಾತ್ರಿ ಒಂದೂವರೆಗೆ ಎದ್ದು ಮ್ಯಾಚ್ ನೋಡಿ ಅಮ್ಮನ ಹತ್ತಿರ ಬೈಸಿಕೊಳ್ಳುವುದರಲ್ಲಿ ಅವನನ್ನು ಮೀರಿಸುವವರಿಲ್ಲ.

"ಈಗ ಬರ್ನ್ಲಿಯಲ್ಲಿಲ್ಲ ಕಣೋ. ಟರ್ಕಿಯ ಬೆಸಿಕ್ಟಾಸ್‌ನಲ್ಲಿ ಲೋನ್ ಮೇಲೆ ಆಡ್ತಿದ್ದಾನೆ" ಎಂದೆ. ಲೋನ್ ಅಂದರೆ ಒಂದು ಕ್ಲಬ್ ತನ್ನ ಆಟಗಾರನನ್ನು ಸ್ವಲ್ಪ ಕಾಲ ಇನ್ನೊಂದು ಕ್ಲಬ್‌ಗೆ ಬಾಡಿಗೆಗೆ ಕೊಡುವುದು.

"ಅದು ಇನ್ನೂ ಮೋಸ ಅಲ್ವಾ?"

ಅವತ್ತು ಯುನೈಟೆಡ್ ಅಭಿಮಾನಿಗಳು ಎಲ್ಲೆಡೆ ಮಾತಾಡುತ್ತಿದ್ದದ್ದು ಇದನ್ನೇ. ವೌಟ್ ವೆಗ್‌ಹಾರ್ಸ್ಟ್. ನೆದರ್ಲೆಂಡ್ಸ್‌ನ ಸ್ಟ್ರೈಕರ್, ಆಗ ವಯಸ್ಸು 30, ಎತ್ತರ 197 ಸೆಂಟಿಮೀಟರ್. ಅದಕ್ಕೆ ಒಂದು ತಿಂಗಳ ಹಿಂದಷ್ಟೇ, ವಿಶ್ವಕಪ್ ಕ್ವಾರ್ಟರ್‌ಫೈನಲ್‌ನಲ್ಲಿ ಬದಲಿ ಆಟಗಾರನಾಗಿ ಇಳಿದು ಅರ್ಜೆಂಟೀನಾ ಎದುರು ಎರಡು ಗೋಲು ಹೊಡೆದಿದ್ದ. ಎರಡನೆಯದು 90 ನಿಮಿಷ ಮುಗಿದ ಮೇಲೆ ಸೇರಿಸುವ ಇಂಜುರಿ ಟೈಮ್‌ನ ಹನ್ನೊಂದನೇ ನಿಮಿಷದಲ್ಲಿ. ಫ್ರೀಕಿಕ್ ನೇರವಾಗಿ ಒದೆಯುತ್ತಾರೆ ಎಂದು ಎಲ್ಲರೂ ಕಾಯುತ್ತಿದ್ದಾಗ ಚೆಂಡು ಮೆಲ್ಲಗೆ ಇವನ ಕಾಲಿಗೆ ಉರುಳಿ ಬಂದಿತ್ತು. ಆ ಪಂದ್ಯದ ನಂತರ ಸಂದರ್ಶನದ ನಡುವೆ ಮೆಸ್ಸಿ ಸ್ಪ್ಯಾನಿಷ್‌ನಲ್ಲಿ "ಏನ್ ನೋಡ್ತೀಯೋ ಪೆದ್ದ" ಎಂದು ಗದರಿದ್ದು ಇವನಿಗೇ.

ನನ್ನ ಕೆಲಸ ಫುಟ್‌ಬಾಲ್ ವಿಡಿಯೋ ಅನಾಲಿಸಿಸ್. ಪಂದ್ಯವನ್ನು ತುಂಡು ತುಂಡಾಗಿ ಕತ್ತರಿಸಿ, ಯಾರು ಎಲ್ಲಿ ನಿಂತಿದ್ದರು, ಚೆಂಡು ಹೋದಾಗ ಯಾರು ಓಡಿದರು, ಯಾರು ನಡೆದರು ಎಂದು ಗುರುತು ಹಾಕಿ ಕೋಚ್ ಮುಂದೆ ಇಡುವುದು. ಹೊಸ ಆಟಗಾರನನ್ನು ತರುವ ಮುಂಚೆ ಕ್ಲಬ್‌ಗಳು ನನ್ನಂಥವರಿಂದ ವರದಿ ಕೇಳುತ್ತವೆ. ಹಾಗಾಗಿ ಇಂಥ ಫೋನ್‌ಗಳು ಮನೆಯಲ್ಲೂ ತಪ್ಪುವುದಿಲ್ಲ.

ಹೊರದೇಶದ ಲೀಗ್‌ನಿಂದ ಲೋನ್ ಮೇಲೆ ಯಾರಾದರೂ ಬಂದರೆ ಅಭಿಮಾನಿಗಳು ಮೊದಲು ನೋಡುವುದು ಗೋಲಿನ ಲೆಕ್ಕ. ಆಮೇಲೆ ಯೂಟ್ಯೂಬ್. ವೆಗ್‌ಹಾರ್ಸ್ಟ್‌ನ ಲೆಕ್ಕವಂತೂ ವಿಚಿತ್ರವಾಗಿತ್ತು. ಜರ್ಮನಿಯ ವೋಲ್ಫ್ಸ್‌ಬರ್ಗ್‌ಗೆ ಮೂರೂವರೆ ಸೀಸನ್‌ನಲ್ಲಿ 144 ಪಂದ್ಯ, 70 ಗೋಲು. ಅಲ್ಲಿಂದ 2022ರ ಜನವರಿಯಲ್ಲಿ ಬರ್ನ್ಲಿಗೆ ಬಂದರೆ 20 ಲೀಗ್ ಪಂದ್ಯ, 2 ಗೋಲು. ಬರ್ನ್ಲಿ ಕೆಳಗಿನ ದರ್ಜೆಗೆ ಇಳಿದೇ ಹೋಯಿತು. ಟರ್ಕಿಗೆ ಹೋದ ಮೇಲೆ 16 ಲೀಗ್ ಪಂದ್ಯದಲ್ಲಿ 8 ಗೋಲು. ಇದರಲ್ಲಿ ನಿಜವಾದ ವೆಗ್‌ಹಾರ್ಸ್ಟ್ ಯಾರು?

ಮೂವರೂ ಅವನೇ. ಬದಲಾಗಿದ್ದು ಸುತ್ತಲಿನ ಹತ್ತು ಜನ. ಬರ್ನ್ಲಿ ಆ ಸೀಸನ್‌ನಲ್ಲಿ ಚೆಂಡನ್ನು ಎದುರಾಳಿಗೆ ಬಿಟ್ಟುಕೊಟ್ಟು ಬದುಕುತ್ತಿದ್ದ ತಂಡ. ಸ್ಟ್ರೈಕರ್‌ಗೆ ಒಳ್ಳೆಯ ಚೆಂಡು ಸಿಗುವುದೇ ಅಪರೂಪ. ಬೆಸಿಕ್ಟಾಸ್ ಟರ್ಕಿಯ ಮೂರು ದೊಡ್ಡ ಕ್ಲಬ್‌ಗಳಲ್ಲಿ ಒಂದು. ಅಲ್ಲಿ ವಾರ ವಾರ ಎದುರಾಳಿಗಳೇ ಹಿಂದೆ ಸರಿದು ಗೋಲಿನ ಮುಂದೆ ಗೋಡೆ ಕಟ್ಟುತ್ತಾರೆ. ಚೆಂಡು ಪೆನಾಲ್ಟಿ ಬಾಕ್ಸ್ ಸುತ್ತಲೇ ಓಡಾಡುತ್ತಿರುತ್ತದೆ. ಅದಕ್ಕೇ ಬರ್ನ್ಲಿಯ 2 ನೋಡಿ ದಂಡಪಿಂಡ ಎನ್ನುವುದೂ ತಪ್ಪು, ಟರ್ಕಿಯ 8 ನೋಡಿ ಕುಣಿಯುವುದೂ ತಪ್ಪು.

ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ, ಕೆಟ್ಟು ಕಲಿತದ್ದು. ಕೆಲವು ವರ್ಷಗಳ ಹಿಂದೆ ಒಂದು ಕ್ಲಬ್‌ನವರು ಸೀಸನ್ ಮಧ್ಯದಲ್ಲಿ ಸ್ಟ್ರೈಕರ್ ಹುಡುಕುತ್ತಿದ್ದರು. ಯುರೋಪಿನ ಎರಡನೇ ದರ್ಜೆ ಲೀಗ್‌ನ ಒಬ್ಬ ಹುಡುಗ ಲೋನ್ ಮೇಲೆ ಸಿಗುವಂತಿದ್ದ. ಅವನ ಗೋಲುಗಳನ್ನೆಲ್ಲ ಕೂತು ನೋಡಿದೆ. ಮುಗಿಸುವ ರೀತಿ ಬೆಣ್ಣೆ ಹಾಗಿತ್ತು. "ತರಬಹುದು ಸಾರ್" ಎಂದು ಬರೆದುಕೊಟ್ಟೆ. ಬಂದ. ಮೂರು ತಿಂಗಳಲ್ಲಿ ಒಂದೇ ಗೋಲು, ಅದೂ ಪೆನಾಲ್ಟಿ. ಅವನು ವಾಪಸ್ ಹೋದ ಮೇಲೆ ಅದೇ ವಿಡಿಯೋ ಮತ್ತೆ ಹಾಕಿದೆ. ಈ ಸಲ ಗೋಲು ನೋಡಲಿಲ್ಲ, ಗೋಲಿಗೆ ಮುಂಚಿನ ಹತ್ತು ಸೆಕೆಂಡ್ ನೋಡಿದೆ. ಮುಕ್ಕಾಲು ಪಾಲು ಗೋಲುಗಳಿಗೆ ಚೆಂಡು ಬಂದದ್ದು ಒಬ್ಬನಿಂದಲೇ. ಎಡಗಡೆ ಗೆರೆ ಹಿಡಿದು ಓಡಿ, ನೆಲ ಸವರಿದ ಹಾಗೆ ಕ್ರಾಸ್ ಹಾಕುತ್ತಿದ್ದ ಎಡಗಾಲಿನ ವಿಂಗರ್. ನಮ್ಮ ತಂಡದಲ್ಲಿ ಎಡಗಡೆ ಆಡುತ್ತಿದ್ದವನು ಬಲಗಾಲಿನವನು. ಗೆರೆಯ ಹತ್ತಿರ ಹೋಗುವುದೇ ಇಲ್ಲ, ಒಳಗೆ ತಿರುಗಿ ತಾನೇ ಒದೆಯುತ್ತಾನೆ. ಪಾಪದ ಹುಡುಗ ಮೂರು ತಿಂಗಳು ಹತ್ತಿರದ ಗೋಲುಕಂಬಕ್ಕೆ ಓಡಿದ್ದೇ ಓಡಿದ್ದು. ಚೆಂಡು ಬರಲೇ ಇಲ್ಲ. ಅಭಿಮಾನಿಗಳು ಅವನನ್ನು ಬೈದರು. ಬೈಸಿಕೊಳ್ಳಬೇಕಾದವನು ನಾನು.

ಅವತ್ತಿನಿಂದ ಯಾರದೇ ಹೈಲೈಟ್ಸ್ ಕಳಿಸಿದರೂ, ಕ್ಲಿಪ್ಪನ್ನು ಇನ್ನೂ ಹಿಂದಿನಿಂದ ಕತ್ತರಿಸಿ ಕಳಿಸಿ ಎನ್ನುತ್ತೇನೆ. ಏಜೆಂಟರಿಗೆ ಇದು ಇಷ್ಟವಾಗುವುದಿಲ್ಲ.

ಯುನೈಟೆಡ್‌ಗೆ ಆಗ ಏನು ಬೇಕಿತ್ತು ಎಂಬುದನ್ನೂ ನೋಡಬೇಕು. 2022ರ ನವೆಂಬರ್ 22ರಂದು ರೊನಾಲ್ಡೊ ಕ್ಲಬ್ ಬಿಟ್ಟ. ಮಾಲೀಕರಾದ ಗ್ಲೇಜರ್ ಕುಟುಂಬ ಕ್ಲಬ್ ಮಾರುವ ಯೋಚನೆ ಇದೆ ಎಂದು ಹೇಳಿದ್ದೂ ಅವತ್ತೇ. ಮನೆ ಮಾರಾಟಕ್ಕೆ ಇಟ್ಟವರು ಹೊಸ ಅಡುಗೆಮನೆ ಕಟ್ಟಿಸುತ್ತಾರಾ? ಜನವರಿಯಲ್ಲಿ ದೊಡ್ಡ ದುಡ್ಡು ಹೊರಡಲಿಲ್ಲ. ಇದ್ದ ಒಬ್ಬ ಸ್ಟ್ರೈಕರ್ ಮಾರ್ಸಿಯಾಲ್‌ಗೆ ಪದೇ ಪದೇ ಗಾಯ. ರ‍್ಯಾಶ್‌ಫರ್ಡ್ ಎಡಗಡೆಯಿಂದ ಗೋಲಿನ ಮೇಲೆ ಗೋಲು ಹೊಡೆಯುತ್ತಿದ್ದ, ಅವನನ್ನು ಅಲ್ಲಿಂದ ಎಬ್ಬಿಸಿ ನಡುವೆ ನಿಲ್ಲಿಸುವುದು ಕೋಚ್ ಟೆನ್ ಹ್ಯಾಗ್‌ಗೆ ಬೇಕಿರಲಿಲ್ಲ. ಅಂದರೆ ಬೇಕಾಗಿದ್ದದ್ದು 20 ಗೋಲಿನ ಸ್ಟ್ರೈಕರ್ ಅಲ್ಲ. ನಡುವೆ ನಿಂತು ಇಬ್ಬರು ಡಿಫೆಂಡರ್‌ಗಳನ್ನು ತನ್ನ ಮೈಮೇಲೆ ಎಳೆದುಕೊಳ್ಳುವವನು, ಚೆಂಡು ಹೋದ ತಕ್ಷಣ ಬೆನ್ನಟ್ಟುವವನು, ಮೇ ತಿಂಗಳವರೆಗೆ ಗಾಯವಿಲ್ಲದೆ ವಾರಕ್ಕೆರಡು ಪಂದ್ಯ ಆಡುವವನು.

ಊರಲ್ಲಿ ಮದುವೆಗೆ ಕೊಪ್ಪರಿಗೆ ಬಾಡಿಗೆಗೆ ತರುತ್ತಾರಲ್ಲ, ಹಾಗೆ. ಅದು ನಮ್ಮ ಅಡುಗೆಮನೆ ಕಪಾಟಿಗೆ ಹೊಂದುತ್ತಾ ಎಂದು ಯಾರೂ ಕೇಳುವುದಿಲ್ಲ. ಮೂರು ದಿನ ಅನ್ನ ಬೇಯಿಸಿದರೆ ಸಾಕು.

ಕಾಗದದ ಕೆಲಸದ ಬಗ್ಗೆಯೂ ಸ್ವಲ್ಪ ಹೇಳಬೇಕು, ಏಕೆಂದರೆ ಅಭಿಮಾನಿಗಳು ಸಿಟ್ಟಾಗುವುದು ಇಲ್ಲಿ ಜಾಸ್ತಿ. "ಬೆಸಿಕ್ಟಾಸ್ ಜೊತೆ ಮಾತಾಡಿ ತರೋಕೆ ಇಷ್ಟು ದಿನ ಬೇಕಾ" ಎಂದು ನನ್ನ ಅಳಿಯನೂ ಕೇಳಿದ. 2022ರ ಜುಲೈ 1ರಿಂದ ಫಿಫಾ ಲೋನ್ ನಿಯಮಗಳನ್ನು ಬಿಗಿ ಮಾಡಿದೆ. ದೇಶದಿಂದ ದೇಶಕ್ಕೆ ಹೋಗುವ ಲೋನ್ ಒಂದು ವರ್ಷ ಮೀರುವಂತಿಲ್ಲ. ಲೋನ್ ಮೇಲೆ ಬಂದವನನ್ನು ಮತ್ತೊಬ್ಬರಿಗೆ ಲೋನ್ ಕೊಡುವಂತಿಲ್ಲ. ಬಾಡಿಗೆ ಮನೆಯನ್ನು ಒಳಬಾಡಿಗೆಗೆ ಬಿಡಬಾರದು ಎಂದು ಓನರ್ ಹೇಳುತ್ತಾರಲ್ಲ, ಅದೇ. ಒಂದು ಕ್ಲಬ್ ಒಂದೇ ಸಲಕ್ಕೆ ಎಷ್ಟು ಜನರನ್ನು ಹೀಗೆ ಕಳಿಸಬಹುದು, ತರಿಸಬಹುದು ಎಂಬುದಕ್ಕೂ ಮಿತಿ ಬಂತು. ಮೊದಲು 8, ಆಮೇಲೆ 7, 2024ರಿಂದ 6. ಕ್ಲಬ್‌ನಲ್ಲೇ ಬೆಳೆದ 21 ವರ್ಷದೊಳಗಿನ ಹುಡುಗರು ಈ ಲೆಕ್ಕಕ್ಕೆ ಬರುವುದಿಲ್ಲ.

ಹಾಗಾಗಿ ಇಸ್ತಾಂಬುಲ್‌ನಿಂದ ಮ್ಯಾಂಚೆಸ್ಟರ್‌ಗೆ ನೇರ ದಾರಿ ಇರಲಿಲ್ಲ. ಕಾಗದದ ಮೇಲೆ ಮಧ್ಯದಲ್ಲಿ ಬರ್ನ್ಲಿ ನಿಲ್ದಾಣ ಇತ್ತು. ಮೊದಲ ಕರಾರು ಮುರಿಯಬೇಕು, ಸೀಸನ್ ಮಧ್ಯದಲ್ಲಿ ಆಟಗಾರನನ್ನು ಕಳೆದುಕೊಳ್ಳುವ ಬೆಸಿಕ್ಟಾಸ್‌ಗೆ ಪರಿಹಾರ ಕೊಡಬೇಕು, ಆಮೇಲೆ ಬರ್ನ್ಲಿ ಜೊತೆ ಹೊಸ ಕರಾರು. ಕಸಿಂಪಾಷಾ ಎದುರು ಗೆಲುವಿನ ಗೋಲು ಹೊಡೆದ ವೆಗ್‌ಹಾರ್ಸ್ಟ್ ಪ್ರೇಕ್ಷಕರ ಕಡೆ ಕೈಬೀಸಿ ವಿದಾಯ ಹೇಳಿಯೇಬಿಟ್ಟ. ಕಾಗದ ಇನ್ನೂ ಆಗಿರಲಿಲ್ಲ! ಜನವರಿ 13ರಂದು ಯುನೈಟೆಡ್ ಅಧಿಕೃತವಾಗಿ ಹೇಳಿತು. ನೋಂದಣಿ ಗಡುವು ತಪ್ಪಿದ್ದರಿಂದ ಮರುದಿನ ಮ್ಯಾಂಚೆಸ್ಟರ್ ಸಿಟಿ ಎದುರಿನ ಪಂದ್ಯಕ್ಕೆ ಅವನಿಲ್ಲ. 18ರಂದು ಕ್ರಿಸ್ಟಲ್ ಪ್ಯಾಲೇಸ್ ಎದುರು ಮೊದಲ ಪಂದ್ಯ.

ಅದೇ ವಾರ ಚೆಲ್ಸಿ ಇದಕ್ಕಿಂತ ಎಷ್ಟೋ ಜಾಸ್ತಿ ದುಡ್ಡು ಕೊಟ್ಟು ಅಟ್ಲೆಟಿಕೊ ಮ್ಯಾಡ್ರಿಡ್‌ನಿಂದ ಜೊವಾವೊ ಫೆಲಿಕ್ಸ್‌ನನ್ನು ಲೋನ್ ಮೇಲೆ ತಂದಿತು. ಫುಲ್ಹಮ್ ಎದುರು ಮೊದಲ ಪಂದ್ಯದಲ್ಲೇ ರೆಡ್ ಕಾರ್ಡ್, ಮೂರು ಪಂದ್ಯ ನಿಷೇಧ. ಆಗಲೂ ಬಾಡಿಗೆ ಮೀಟರ್ ಓಡುತ್ತಲೇ ಇರುತ್ತದೆ. ಲಿವರ್‌ಪೂಲ್ ಕಥೆ ಇನ್ನೂ ಕೆಟ್ಟದು. 2022ರ ಸೆಪ್ಟೆಂಬರ್ 1ರಂದು ಯುವೆಂಟಸ್‌ನಿಂದ ಬಂದ ಆರ್ಥರ್ ಮೆಲೊ ಇಡೀ ಸೀಸನ್‌ನಲ್ಲಿ ಮೊದಲ ತಂಡಕ್ಕೆ ಆಡಿದ್ದು ಒಟ್ಟು 13 ನಿಮಿಷ. ಆಮೇಲೆ ಗಾಯ. ಸ್ಟ್ರೈಕರ್‌ನ ಗೋಲು ಕೇಳುವ ಮುಂಚೆ ನಾನು ಹಿಂದಿನ ಎರಡು ಸೀಸನ್‌ನಲ್ಲಿ ಎಷ್ಟು ನಿಮಿಷ ಆಡಿದ್ದಾನೆ ಎಂದು ಕೇಳುವುದು ಇದಕ್ಕೇ. ನಾಲ್ಕು ತಿಂಗಳ ಲೋನ್‌ನಲ್ಲಿ ಆರು ವಾರದ ಗಾಯ ಆದರೆ ಉಳಿಯುವುದೇನು?

ಈಗ ಪಂದ್ಯಕ್ಕೆ ಬರೋಣ. ವೆಗ್‌ಹಾರ್ಸ್ಟ್ ಮೊದಲ ಗೋಲು ಲೀಗ್ ಕಪ್ (ಇದು ಲೀಗ್‌ನಿಂದ ಬೇರೆಯಾದ ನಾಕೌಟ್ ಟೂರ್ನಿ) ಸೆಮಿಫೈನಲ್‌ನಲ್ಲಿ ನಾಟಿಂಗ್ಹಮ್ ಫಾರೆಸ್ಟ್ ಎದುರು. ಇನ್ನೊಂದು ಮಾರ್ಚ್‌ನಲ್ಲಿ ಸ್ಪೇನ್‌ನ ರಿಯಲ್ ಬೆಟಿಸ್ ಎದುರು. ಅಷ್ಟೇ. ಒಟ್ಟು 31 ಪಂದ್ಯ, 2 ಗೋಲು. 17 ಲೀಗ್ ಪಂದ್ಯದಲ್ಲಿ ಸೊನ್ನೆ. ಇದನ್ನು ಸುಮ್ನೆ ಮುಚ್ಚಿಹಾಕಲು ಆಗುವುದಿಲ್ಲ. ಗೋಲಿನ ಮುಂದೆ ಬಂದ ಅವಕಾಶಗಳಲ್ಲಿ ಒಂದಿಷ್ಟನ್ನಾದರೂ ಒಳಗೆ ಹಾಕಬೇಕಿತ್ತು. ಕಾಲು ನಿಧಾನ, ಮೊದಲ ಟಚ್ ಒಮ್ಮೊಮ್ಮೆ ಒರಟು. ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ ಅರ್ಧ ಸೆಕೆಂಡ್ ತಡವಾದರೆ ಡಿಫೆಂಡರ್‌ನ ಕಾಲು ಅಡ್ಡ ಬಂದಿರುತ್ತದೆ. ಟರ್ಕಿಯಲ್ಲಿ ಆ ಅರ್ಧ ಸೆಕೆಂಡ್ ಸಿಗುತ್ತಿತ್ತು.

ಆದರೆ ಫೆಬ್ರವರಿ 26ರ ಲೀಗ್ ಕಪ್ ಫೈನಲ್ ಮತ್ತೆ ಹಾಕಿ ನೋಡಿ. ನ್ಯೂಕಾಸಲ್ ಎದುರಾಳಿ. ಮೊದಲ ಗೋಲು ಕಾಸೆಮಿರೊನ ಹೆಡರ್. 39ನೇ ನಿಮಿಷದಲ್ಲಿ ಎರಡನೆಯದು. ಟಿವಿಯಲ್ಲಿ ಮತ್ತೆ ಮತ್ತೆ ತೋರಿಸಿದ್ದು ರ‍್ಯಾಶ್‌ಫರ್ಡ್ ಒದ್ದ ಚೆಂಡು ನ್ಯೂಕಾಸಲ್ ಡಿಫೆಂಡರ್ ಬೊಟ್ಮನ್‌ಗೆ ತಾಗಿ, ಗೋಲ್‌ಕೀಪರ್ ಕಾರಿಯಸ್ ತಲೆ ಮೇಲಿಂದ ಒಳಗೆ ಬಿದ್ದದ್ದು. ಅದಕ್ಕೂ ಮುಂಚೆ ಚೆಂಡು ಹಿಡಿದು ನಡುವಿನಿಂದ ಓಡಿ, ಡಿಫೆಂಡರ್‌ಗಳು ತನ್ನ ಕಡೆ ತಿರುಗುವವರೆಗೆ ಕಾದು, ಎಡಕ್ಕೆ ಪಾಸ್ ಕೊಟ್ಟ ಉದ್ದನೆಯ ಮನುಷ್ಯ ಯಾರು? ಯುನೈಟೆಡ್ 2–0 ಗೆದ್ದಿತು. 2017ರ ನಂತರ ಅವರಿಗೆ ಸಿಕ್ಕ ಮೊದಲ ಟ್ರೋಫಿ ಅದು.

ರ‍್ಯಾಶ್‌ಫರ್ಡ್ ಆ ಸೀಸನ್‌ನಲ್ಲಿ ಒಟ್ಟು 30 ಗೋಲು ಹೊಡೆದ. ಅದರ ಪೂರ್ತಿ ಪುಣ್ಯ ವೆಗ್‌ಹಾರ್ಸ್ಟ್‌ಗೆ ಕಟ್ಟಿದರೆ ತಪ್ಪಾಗುತ್ತದೆ, ಆ ಓಟ ಇವನು ಬರುವ ಮುಂಚೆಯೇ ಶುರುವಾಗಿತ್ತು. ಇವನು ಅದನ್ನು ಕೆಡಿಸಲಿಲ್ಲ, ದಾರಿ ಖಾಲಿ ಇಟ್ಟ. ನನ್ನ ಲೆಕ್ಕದಲ್ಲಿ ಕೊಟ್ಟ ಕೆಲಸದಲ್ಲಿ ನೂರಕ್ಕೆ ಅರವತ್ತು ಅಂಕ. ತೆತ್ತ ಬಾಡಿಗೆಗೆ ಅದು ಕಡಿಮೆ ಏನಲ್ಲ. ಲೀಗ್‌ನಲ್ಲಿ ಮೂರನೇ ಸ್ಥಾನವೂ ಬಂತು. ಹಾಗೆಂದು ಸೀಸನ್ ಮುಗಿದ ಮೇಲೆ ಅವನನ್ನು ಕೊಳ್ಳದೆ ಬಿಟ್ಟದ್ದೂ ಸರಿಯೇ. ಮದುವೆ ಮುಗಿದಿತ್ತು.

ಎಲ್ಲ ಲೋನ್ ಇಂಥದ್ದೇ ಅಲ್ಲ. ಮೊದಲು ಬಾಡಿಗೆಗಿದ್ದು ನೋಡಿ ಆಮೇಲೆ ಮನೆ ಕೊಳ್ಳುವ ಜಾತಿಯದೂ ಇದೆ. ಮಾರ್ಟಿನ್ ಓಡಗಾರ್ಡ್ 2021ರ ಜನವರಿಯಲ್ಲಿ ರಿಯಲ್ ಮ್ಯಾಡ್ರಿಡ್‌ನಿಂದ ಆರ್ಸೆನಲ್‌ಗೆ ಲೋನ್ ಮೇಲೆ ಬಂದು, ಆಗಸ್ಟ್‌ನಲ್ಲಿ ಕಾಯಂ ಆಗಿ, ಮುಂದಿನ ವರ್ಷ ಕ್ಯಾಪ್ಟನ್ ಆದ. ನಮ್ಮ ಸುನಿಲ್ ಛೆಟ್ರಿಯೂ ಹೀಗೆ ಹೊರದೇಶದ ಲೀಗ್‌ನಿಂದ ಲೋನ್ ಮೇಲೆ ಬಂದವರೇ, ಎಷ್ಟೋ ಜನಕ್ಕೆ ಇದು ನೆನಪಿಲ್ಲ. ಪೋರ್ಚುಗಲ್‌ನ ಸ್ಪೋರ್ಟಿಂಗ್ ಕ್ಲಬ್‌ನ ಬಿ ತಂಡದಲ್ಲಿ ಆಡಲು ಅವಕಾಶ ಸಿಗುವುದು ಕಷ್ಟವಾದಾಗ 2013ರಲ್ಲಿ ಗೋವಾದ ಚರ್ಚಿಲ್ ಬ್ರದರ್ಸ್‌ಗೆ ಲೋನ್ ಮೇಲೆ ಬಂದರು. ಚರ್ಚಿಲ್ ಆ ಸಲ ಆಗಿನ ಭಾರತದ ಮುಖ್ಯ ಲೀಗ್ ಆಗಿದ್ದ ಐ-ಲೀಗ್ ಗೆದ್ದಿತು. ಅದೇ ವರ್ಷ ಛೆಟ್ರಿ ಬೆಂಗಳೂರು ಎಫ್‌ಸಿ ಸೇರಿದರು. ಮುಂದಿನ ಕಥೆ ಕಂಠೀರವದಲ್ಲಿ ಕೂಗಿ ಗಂಟಲು ಕೆಡಿಸಿಕೊಂಡವರಿಗೆ ಹೇಳಬೇಕಿಲ್ಲ.

ನನ್ನ ಅಳಿಯ ಮಾತ್ರ ವೆಗ್‌ಹಾರ್ಸ್ಟ್‌ನ ಒಂದು ವಿಷಯ ಇನ್ನೂ ಕ್ಷಮಿಸಿಲ್ಲ. 2023ರ ಮಾರ್ಚ್ 5, ಆನ್‌ಫೀಲ್ಡ್‌ನಲ್ಲಿ ಲಿವರ್‌ಪೂಲ್ ಎದುರು ಯುನೈಟೆಡ್ 7–0 ಸೋತ ದಿನ. ಮೈದಾನಕ್ಕೆ ಇಳಿಯುವ ದಾರಿಯಲ್ಲಿ ಲಿವರ್‌ಪೂಲ್ ಆಟಗಾರರು ಮುಟ್ಟಿ ಬರುವ ಫಲಕವನ್ನು ವೆಗ್‌ಹಾರ್ಸ್ಟ್ ಮುಟ್ಟಿದ್ದು ಕ್ಯಾಮೆರಾದಲ್ಲಿ ಬಂತು. ತನ್ನ ದೇಶದವನೇ ಆದ ವ್ಯಾನ್ ಡೈಕ್ ಅದನ್ನು ಮುಟ್ಟದಂತೆ ತಡೆದು ಕೆಣಕಲು ಹಾಗೆ ಮಾಡಿದೆ ಎಂದು ಆಮೇಲೆ ವಿವರಣೆ ಕೊಟ್ಟ. ಏಳು ಗೋಲು ತಿಂದ ಮೇಲೆ ವಿವರಣೆ ಯಾರು ಕೇಳುತ್ತಾರೆ?

2024ರ ಜೂನ್ 16ರ ಸಂಜೆ ಯುರೋ ಕಪ್‌ನಲ್ಲಿ ನೆದರ್ಲೆಂಡ್ಸ್ ಮತ್ತು ಪೋಲೆಂಡ್ ಪಂದ್ಯ 1–1ರಲ್ಲಿ ನಿಂತಿತ್ತು. ವೆಗ್‌ಹಾರ್ಸ್ಟ್ ಬದಲಿಯಾಗಿ ಇಳಿದ. ಎರಡು ನಿಮಿಷವೂ ಆಗಿರಲಿಲ್ಲ, ಎಡಗಡೆಯಿಂದ ಚೆಂಡು ಬಂತು, ಒಂದೇ ಏಟಿಗೆ ಒಳಗೆ ಹಾಕಿದ. ನನ್ನ ಫೋನ್ ಟಣ್ ಎಂದಿತು.

"ನೋಡ್ದ್ಯಾ ಮಾವ? ಇದನ್ನ ಅವತ್ತು ಆನ್‌ಫೀಲ್ಡ್‌ನಲ್ಲಿ ಹೊಡೀಬೇಕಿತ್ತು ಬಡ್ಡಿಮಗ."